ಟ್ಯೂಬ್ ಇದೆ, ಹಾಗಾಗಿ ಅವಸರ ಇಲ್ಲ: ಮಗನಿಗೆ ಬಾಯಲ್ಲಿ ಉಣ್ಣಲು ಕಲಿಸಿದ ನನ್ನ ಅನುಭವ

ನನ್ನ ಮಗ ಹುಟ್ಟಿದ್ದು 27 ವಾರಕ್ಕೆ. ತೂಕ ಒಂದು ಕಿಲೋ ಕೂಡ ಇರಲಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಆಂಬುಲೆನ್ಸ್‌ನಲ್ಲಿ ಹೋಗಿದ್ದೆವು, ಹೆರಿಗೆ ಅಲ್ಲೇ ಆಯಿತು. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹಾಲು ಇಳಿಸಲು ಹಾಕಿದ ಟ್ಯೂಬ್ ಬೇರೆ ಬೇರೆ ರೂಪದಲ್ಲಿ ಎರಡು ವರ್ಷ ದಾಟಿದ ಮೇಲೂ ಅವನ ಜೊತೆಗಿದೆ. ಈಗ ಅವನು ಅನ್ನ ತುಪ್ಪ ಉಣ್ಣುತ್ತಾನೆ. ನಡುವೆ ನಾವು ಏನು ಮಾಡಿದೆವು ಎಂದು ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ಬೇಗ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಲು ಬರುವುದಿಲ್ಲ. ಗರ್ಭದ ದಿನಗಳನ್ನೂ ಸೇರಿಸಿ ಎಣಿಸಿದರೆ ಸುಮಾರು 34 ವಾರದ ಹೊತ್ತಿಗೆ ಅದು ಕೂಡಿಬರುತ್ತದೆ. ಅಲ್ಲಿಯವರೆಗೆ ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬ್‌ನಲ್ಲಿ ಹಾಲು. ನಮ್ಮ ವಾರ್ಡಿನ ಬೇರೆ ಮಕ್ಕಳು ಟ್ಯೂಬ್‌ನಿಂದ ಒಳಲೆಗೆ (ಹಾಲು ಕುಡಿಸುವ ಸಣ್ಣ ಬಟ್ಟಲು) ಬಂದರು, ಒಳಲೆಯಿಂದ ಎದೆಹಾಲಿಗೆ ಬಂದರು, ಮನೆಗೂ ಹೋದರು. ನನ್ನ ಮಗನದು ಶ್ವಾಸಕೋಶದ ತೊಂದರೆ. ನಿಮಿಷಕ್ಕೆ 70 ಸಲ ಉಸಿರಾಡುವ ಮಗು ಯಾವಾಗ ನುಂಗಬೇಕು ಹೇಳಿ? ಹಾಗಾಗಿ ಮೂಗಿನ ಟ್ಯೂಬ್ ಹಾಕಿಕೊಂಡೇ ಮನೆಗೆ ಬಂದೆವು.

ಆಗ ನನಗೆ ಯಾರೂ ಬಿಡಿಸಿ ಹೇಳದ ಒಂದು ವಿಷಯ ಇದೆ. ಹುಟ್ಟಿನಿಂದ ಬರುವ ಚೀಪುವ ಗುಣ ಕೆಲವು ತಿಂಗಳಷ್ಟೇ ತಾನಾಗಿ ಇರುತ್ತದೆ. ಆಮೇಲೆ ಉಣ್ಣುವುದು ಏನಿದ್ದರೂ ಮಗು ಮನಸ್ಸು ಮಾಡಿ ಕಲಿಯುವ ಕೆಲಸ. ನನ್ನ ಮಗನಿಗೆ ಆ ತಿಂಗಳುಗಳಲ್ಲಿ ಬಾಯಿಗೆ ಬಂದದ್ದು ಏನು? ವೆಂಟಿಲೇಟರ್‌ನ ಕೊಳವೆ, ಕಫ ಎಳೆಯುವ ಸಕ್ಷನ್, ಕೆನ್ನೆಯ ಚರ್ಮ ಕಿತ್ತು ಬರುವ ಪ್ಲಾಸ್ಟರ್. ಚಮಚ ಕಂಡರೆ ಮುಖ ತಿರುಗಿಸುತ್ತಿದ್ದ. ಕೈ ಹತ್ತಿರ ಬಂದರೂ ಅಳುತ್ತಿದ್ದ. ಜನ ಅದನ್ನು ಹಠ ಅಂದರು. ಅವನ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಅವನಿಗೆ ಒಂದು ವರ್ಷ ಆಗುವ ಹೊತ್ತಿಗೆ ಹೊಟ್ಟೆಯ ಮೇಲಿನಿಂದ ನೇರವಾಗಿ ಟ್ಯೂಬ್ ಹಾಕಿಸುವುದು ಒಳ್ಳೆಯದು ಎಂದು ಡಾಕ್ಟರ್ ಹೇಳಿದರು. ಮನೆಯಲ್ಲಿ ದೊಡ್ಡ ಚರ್ಚೆ. ‘ಮಗುವಿನ ಹೊಟ್ಟೆಗೆ ತೂತಾ?’ ಎಂದು ಮಾವ ಊಟ ಬಿಟ್ಟು ಎದ್ದರು. ನನಗೂ ಹೆದರಿಕೆ ಇತ್ತು. ಆದರೆ ಮೂಗಿನ ಟ್ಯೂಬ್ ಗಂಟಲನ್ನು ಸದಾ ಕೆರಳಿಸುತ್ತದೆ. ಅವನು ಅದನ್ನು ಕಿತ್ತು ಹಾಕುತ್ತಿದ್ದ, ನಾವು ಕೈ ಕಾಲು ಹಿಡಿದು ಮತ್ತೆ ಹಾಕುತ್ತಿದ್ದೆವು. ಪ್ರತಿ ಸಲ ಹಾಲು ಹಾಕುವ ಮೊದಲು ಟ್ಯೂಬ್‌ನಿಂದ ಸ್ವಲ್ಪ ರಸ ಎಳೆದು ಪಿಎಚ್ ಪಟ್ಟಿಗೆ (ಹುಳಿ ಎಷ್ಟಿದೆ ಎಂದು ತೋರಿಸುವ ಕಾಗದ) ತಾಗಿಸಿ, 5.5 ಅಥವಾ ಅದಕ್ಕಿಂತ ಕಡಿಮೆ ಇದೆಯಾ ಎಂದು ನೋಡಬೇಕು. ಇಲ್ಲದಿದ್ದರೆ ಟ್ಯೂಬ್ ಹೊಟ್ಟೆಯಲ್ಲೇ ಇದೆ ಎಂಬ ಖಾತ್ರಿ ಇಲ್ಲ. ಹೊಟ್ಟೆಯ ಟ್ಯೂಬ್ ಬಂದ ಮೇಲೆ ಅವನ ಮುಖ ಅವನದಾಯಿತು. ನಮ್ಮ ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಬಾಯಿಗೆ ಏನಾದರೂ ಕೊಡುವ ಮೊದಲು ನುಂಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕು. ಇದನ್ನು ಮಾತ್ರ ಯಾರೂ ಬಿಡಬೇಡಿ. ನಾವು ಮಣಿಪಾಲಕ್ಕೆ ಹೋದೆವು. ದಾರಿಯಲ್ಲಿ ಸಿಗುವ ದೇವಿಮನೆ ಘಾಟ್ ಇಳಿಯುವ ಮೊದಲು ಟ್ಯೂಬ್‌ಗೆ ಹಾಲು ಹಾಕಿದರೆ ಪೂರ್ತಿ ಕಾರಿನ ಸೀಟಿಗೆ ಬರುತ್ತದೆ. ಕುಮಟಾ ತಲುಪಿ, ನಿಲ್ಲಿಸಿ, ನಿಧಾನ ಹಾಕಿ. ಮಣಿಪಾಲದಲ್ಲಿ ಎಕ್ಸ್‌ರೇಗೆ ಕಾಣುವ ಬೇರಿಯಂ ಬೆರೆಸಿದ ಆಹಾರ ಕೊಟ್ಟು, ನುಂಗುವಾಗಲೇ ಎಕ್ಸ್‌ರೇಯಲ್ಲಿ ವಿಡಿಯೋ ತೆಗೆಯುತ್ತಾರೆ. ನಮ್ಮವನಿಗೆ ಗಟ್ಟಿ ಮಣ್ಣಿಯಂಥದ್ದು ಸರಿಯಾಗಿ ಇಳಿಯುತ್ತಿತ್ತು. ನೀರಿನಷ್ಟು ತೆಳ್ಳಗಿದ್ದದ್ದು ಶ್ವಾಸನಾಳದ ಕಡೆ ಜಾರುತ್ತಿತ್ತು, ಅದೂ ಕೆಮ್ಮು ಬರದೆ. ಕೆಮ್ಮಲಿಲ್ಲ ಅಂದರೆ ಸರಿಯಾಗಿ ನುಂಗಿದ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಮತ್ತೆ ಮತ್ತೆ ಬರುವ ನ್ಯುಮೋನಿಯಾ, ಉಂಡ ಮೇಲೆ ಗಂಟಲಲ್ಲಿ ಗೊರ ಗೊರ ಸದ್ದು, ಕಣ್ಣಲ್ಲಿ ನೀರು ತುಂಬುವುದು, ಇವೂ ಸುಳಿವುಗಳೇ.

ಅಲ್ಲಿಂದ ನಮಗೆ ಸಿಕ್ಕವರು ಒಬ್ಬ ಸ್ಪೀಚ್ ಥೆರಪಿಸ್ಟ್. ಉಣ್ಣಿಸಲು ಮಾತಿನ ಡಾಕ್ಟರ್ ಯಾಕೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದರು. ನಾಲಿಗೆ, ತುಟಿ, ಗಂಟಲು ಕೆಲಸ ಮಾಡುವ ಬಗೆಯನ್ನು ಓದಿದವರು ಅವರೇ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥವರಿಗೆ ತರಬೇತಿ ಕೊಡುತ್ತಾರೆ. ನಮ್ಮ ಥೆರಪಿ ಹೆಚ್ಚಿನದು ವಿಡಿಯೋ ಕಾಲ್‌ನಲ್ಲೇ ನಡೆಯಿತು. ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಹಾಗಾಗಿ ಅಡಿಕೆ ಒಣಗಿಸುವ ಜಾಗದಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು.

ಅವರು ಹಾಕಿದ ಮೊದಲ ನಿಯಮ ನನ್ನನ್ನು ಬೆಚ್ಚಿಬೀಳಿಸಿತು. ‘ಕೆಲವು ತಿಂಗಳು ಅವನು ಎಷ್ಟು ತಿಂದ ಎಂದು ಲೆಕ್ಕ ಇಡಬೇಡಿ. ಹೊಟ್ಟೆ ತುಂಬಿಸಲು ಟ್ಯೂಬ್ ಇದೆ. ಬಾಯಿಗೆ ಆ ಕೆಲಸ ಈಗ ಬೇಡ.’ ಅಲ್ಲಿಯವರೆಗೆ ನಾನು ಟ್ಯೂಬ್ ಅನ್ನು ಶತ್ರು ಎಂದು ನೋಡುತ್ತಿದ್ದೆ. ಅವರ ಮಾತು ಕೇಳಿದ ಮೇಲೆ ಎದೆಯ ಮೇಲಿನ ಭಾರ ಇಳಿಯಿತು. ಟ್ಯೂಬ್ ಇರುವವರೆಗೆ ಮಗು ಉಪವಾಸ ಬೀಳುವುದಿಲ್ಲ. ಹಾಗಾದರೆ ಬಾಯಿಗೆ ಯಾವ ಒತ್ತಾಯವೂ ಬೇಡ.

ಶುರು ಮಾಡಿದ್ದು ಕಾಲಿನಿಂದ. ಕಾಲು, ಕೈ, ಭುಜ, ಕಿವಿ, ಕೆನ್ನೆ, ಕೊನೆಗೆ ತುಟಿ. ಎಣ್ಣೆ ಸ್ನಾನದ ಹೊತ್ತಿಗೆ ಹಾಡುತ್ತಾ ಮುಟ್ಟುತ್ತಿದ್ದೆ. ಅವನು ಮುಖ ಸರಿಸಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಾನು ನಿಲ್ಲಿಸುತ್ತೇನೆ ಎಂದು ಗೊತ್ತಾದ ಮೇಲೆಯೇ ಅವನು ಹತ್ತಿರ ಬಿಟ್ಟದ್ದು. ಹಲ್ಲುಜ್ಜುವ ಬ್ರಷ್ ನಮಗೆ ತುಂಬ ಸಹಾಯ ಮಾಡಿತು. ಬಾಯಲ್ಲಿ ಉಣ್ಣದ ಮಕ್ಕಳಿಗೆ ಹಲ್ಲುಜ್ಜುವುದು ಬೇಡ ಎಂದುಕೊಳ್ಳುತ್ತಾರೆ. ಅವರ ಹಲ್ಲಿನ ಮೇಲೆ ಕರೆ ಇನ್ನೂ ಜಾಸ್ತಿ ಕಟ್ಟುತ್ತದೆ. ಮೆತ್ತನೆಯ ಬ್ರಷ್ ಅವನ ಕೈಗೇ ಕೊಟ್ಟು, ನನ್ನದನ್ನು ನಾನು ಬಾಯಿಗೆ ಹಾಕಿಕೊಂಡು ಎದುರು ಕೂರುತ್ತಿದ್ದೆ. ಅವನ ಬಾಯೊಳಗೆ ಅವನೇ ಬರಮಾಡಿಕೊಂಡ ಮೊದಲ ವಸ್ತು ಅದು.

ಎರಡನೆಯದು, ಅವನ ಟ್ಯೂಬ್ ಊಟವನ್ನು ನಮ್ಮ ಊಟದ ಹೊತ್ತಿಗೆ ತಂದೆವು. ಅಲ್ಲಿಯವರೆಗೆ ಕೋಣೆಯಲ್ಲಿ ಮಲಗಿಸಿ ಹಾಕುತ್ತಿದ್ದೆವು. ಈಗ ಎಲ್ಲರ ಜೊತೆ ಕೂರಿಸಿ, ಅವನ ಮುಂದೂ ಒಂದು ಸಣ್ಣ ಬಾಳೆಲೆ ಹಾಕಿ, ಅದರಲ್ಲಿ ಒಂದಿಷ್ಟು ಅನ್ನ ಇಟ್ಟು, ಮೇಲೆ ಹಿಡಿದ ಸಿರಿಂಜ್‌ನಿಂದ ಹಾಲು ತಾನಾಗಿ ಇಳಿಯಲು ಬಿಡುತ್ತಿದ್ದೆವು. ಒಗ್ಗರಣೆಯ ವಾಸನೆ, ಅನ್ನ ಕಲಸುವ ಕೈ, ಹೊಟ್ಟೆ ತುಂಬುವ ಅನುಭವ, ಎಲ್ಲ ಒಂದೇ ಹೊತ್ತಿಗೆ ಆಗಬೇಕು. ಇಲ್ಲದಿದ್ದರೆ ಬಾಯಿಗೂ ಹೊಟ್ಟೆಗೂ ಸಂಬಂಧ ಇದೆ ಎಂದು ಆ ಮಗುವಿಗೆ ತಿಳಿಯುವುದು ಹೇಗೆ? ಅವನು ಅನ್ನ ಹಿಚುಕಿದ, ಚೆಲ್ಲಿದ, ತಲೆಗೆ ಹಚ್ಚಿಕೊಂಡ. ಅದೂ ಕಲಿಕೆಯೇ. ಅತ್ತೆಗೆ ಅನ್ನ ಚೆಲ್ಲುವುದನ್ನು ನೋಡಲು ಆಗುತ್ತಿರಲಿಲ್ಲ, ಆದರೆ ಸುಮ್ನೆ ಇದ್ದರು. ಅದಕ್ಕೆ ನಾನು ಅವರಿಗೆ ಋಣಿ.

ನೆಂಟರು ಮಾತ್ರ ಸುಮ್ಮನಿರಲಿಲ್ಲ. ‘ಎಂತದೇ, ಇನ್ನೂ ಉಂಬಲೆ ಕಲ್ಸಿದ್ದಿಲ್ಯ?’ ಎಂದು ಮದುವೆ ಮನೆಯಲ್ಲಿ ಒಬ್ಬರು. ‘ನನ್ನ ಹತ್ರ ಎರಡು ದಿನ ಬಿಡು’ ಎಂದು ಇನ್ನೊಬ್ಬರು. ಅವರ ವಿಧಾನ ಗೊತ್ತಲ್ವಾ? ಕಾಲ ಮೇಲೆ ಮಲಗಿಸಿ, ಮೂಗು ಒತ್ತಿ, ಬಾಯಿ ತೆರೆದಾಗ ಸುರಿಯುವುದು. ಆರೋಗ್ಯವಂತ ಮಗುವಿಗೂ ಅದು ಬೇಡ. ನಮ್ಮವನಿಗಂತೂ ಅದು ಸೀದಾ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಒಂದು ನಿಯಮ ಮಾಡಿದೆವು: ಊಟದ ಹೊತ್ತಿನಲ್ಲಿ ಅವನಿಗೆ ‘ತಿನ್ನು’ ಎಂದು ಯಾರೂ ಹೇಳುವಂತಿಲ್ಲ. ತಿಂದರೆ ಚಪ್ಪಾಳೆಯೂ ಇಲ್ಲ. ಚಪ್ಪಾಳೆಯೂ ಒಂದು ಬಗೆಯ ಒತ್ತಾಯವೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಕ್ಕಳಿಗೆ ಸಪ್ಪೆಯಿಂದ ಶುರು ಮಾಡಬೇಕು ಎಂಬುದು ನಮ್ಮಲ್ಲಿ ರೂಢಿ. ಇವನಿಗೆ ಸಪ್ಪೆ ಮಣ್ಣಿ ಬಾಯಲ್ಲಿ ಇದೆಯೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ. ಇಷ್ಟು ಕಾಲ ಏನೂ ತಿನ್ನದ ಬಾಯಿಗೆ ಕೆಲವೊಮ್ಮೆ ಜೋರಾದ ರುಚಿಯೇ ಬೇಕಾಗುತ್ತದೆ ಎಂದು ಥೆರಪಿಸ್ಟ್ ಹೇಳಿದರು. ಒಂದು ದಿನ ಅತ್ತೆಯ ಬೆರಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಇತ್ತು. ಅವನೇ ಆ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡ. ಮುಖ ಕಿವುಚಿದ, ಮೈ ನಡುಗಿಸಿದ, ಮತ್ತೆ ಬೆರಳು ಕೇಳಿದ. ‘ನೋಡೇ ತಂಗಿ, ಮಾಣಿ ಉಪ್ಪಿನಕಾಯಿ ನೆಕ್ತಾ ಇದ್ದ!’ ಎಂದು ಅತ್ತೆ ಕೂಗಿದ್ದು ತೋಟದವರೆಗೆ ಕೇಳಿತು. ಚಪ್ಪಾಳೆ ಬೇಡ ಎಂಬ ನಿಯಮ ಆ ದಿನ ಮುರಿಯಿತು. ಉಪ್ಪು ಜಾಸ್ತಿ ಆಗದಂತೆ, ಬೆರಳಿಗೆ ತಾಗಿದಷ್ಟೇ ಕೊಟ್ಟೆವು. ಆಮೇಲೆ ಜೋನಿ ಬೆಲ್ಲ ಬಂತು, ಒಂದೆಲಗದ ಗಟ್ಟಿ ಚಟ್ನಿ ಬಂತು. ನಮ್ಮ ಕಡೆ ಜೇನು ತುಂಬ ಸಿಗುವುದರಿಂದ ಒಂದು ಮಾತು: ವರ್ಷ ತುಂಬುವ ಮೊದಲು ಯಾವ ಮಗುವಿಗೂ ಜೇನು ನೆಕ್ಕಿಸಬೇಡಿ. ಬೊಟುಲಿಸಂ ಎಂಬ ಕಾಯಿಲೆಯ ಅಪಾಯ ಇದೆ.

ಗಟ್ಟಿ ಪದಾರ್ಥಕ್ಕೆ ಹೋಗುವಾಗ ಬಾಯಲ್ಲಿ ತಾನಾಗಿ ಕರಗುವುದರಿಂದ ಶುರು ಮಾಡಿ ಎಂದರು. ಜಗಿಯದಿದ್ದರೂ ಉಗುಳಿಗೆ ನೆನೆದು ಇಳಿಯಬೇಕು. ಅವರು ಪೇಟೆಯಲ್ಲಿ ಸಿಗುವ, ಬಾಯಲ್ಲಿ ಕರಗುವ ಮಕ್ಕಳ ಪಫ್ ತಿಂಡಿಯ ಹೆಸರು ಹೇಳುತ್ತಿದ್ದರೆ ನನಗೆ ನೆನಪಾದದ್ದು ನಮ್ಮ ಕಡೆಯ ಸಿಹಿತಿಂಡಿ ತೊಡದೇವು. ಕಾಗದದಷ್ಟು ತೆಳು, ನಾಲಿಗೆಗೆ ಇಟ್ಟರೆ ಕರಗುತ್ತದೆ. ಕ್ಯಾಮೆರಾ ಮುಂದೆ ಮುರಿದು ತೋರಿಸಿದೆ, ಅವರು ಒಪ್ಪಿದರು. ಚೂರು ಮಾಡಿ, ಚೂಪು ಅಂಚು ತೆಗೆದು, ಕೆನ್ನೆಯ ಒಳಬದಿಗೆ ಇಡುತ್ತಿದ್ದೆ. ನಾಲಿಗೆ ಆ ಕಡೆಗೆ ಹೊರಳುತ್ತದೆ. ಜಗಿಯುವುದಕ್ಕೆ ಮೊದಲು ಕಲಿಯಬೇಕಾದದ್ದು ಅದೇ. ಓಕರಿಕೆ ಬರುತ್ತಿತ್ತು, ಹೆದರಬೇಡಿ. ಓಕರಿಸುವ ಮಗುವಿನ ಮುಖ ಕೆಂಪಾಗುತ್ತದೆ, ಸದ್ದು ಇರುತ್ತದೆ, ನಾಲಿಗೆ ಮುಂದೆ ಬರುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡಾಗ ಅಳಲೂ ಆಗುವುದಿಲ್ಲ, ಕೆಮ್ಮಲೂ ಆಗುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ಬೆನ್ನಿಗೆ ಹೇಗೆ ತಟ್ಟಬೇಕು ಎಂದು ಮೊದಲೇ ಕಲಿತುಕೊಳ್ಳಿ. ನಮ್ಮ ಮನೆಯಲ್ಲಿ ಮಾವನೂ ಕಲಿತರು.

ನೀರಿನ ವಿಷಯ ಬೇರೆಯೇ ತಲೆನೋವು. ಕೂವೆ ಹಿಟ್ಟು ಕಾಯಿಸಿ ದಪ್ಪ ಮಾಡಿದ ನೀರು ಕೊಡಲು ಒಪ್ಪಿಗೆ ಸಿಕ್ಕಿತ್ತು. ಆದರೆ ಹಿಟ್ಟಿನಿಂದ ದಪ್ಪ ಮಾಡಿದ್ದಕ್ಕೆ ಉಗುಳು ತಾಗಿದರೆ ಅದು ಮತ್ತೆ ತೆಳ್ಳಗಾಗುತ್ತದೆ. ಬಾಯಿಗೆ ಹೋದ ಚಮಚವನ್ನು ಅದೇ ಬಟ್ಟಲಿಗೆ ಅದ್ದುತ್ತಾ ಹೋದರೆ ಬಟ್ಟಲಿನ ತಳದಲ್ಲಿ ಉಳಿಯುವುದು ಬರೀ ನೀರು. ಹಾಗಾಗಿ ಎರಡು ಮೂರು ಚಮಚದಷ್ಟು ಮಾತ್ರ ಬೇರೆ ಬಟ್ಟಲಿಗೆ ತೆಗೆದು ಕೊಡುವುದು, ಉಳಿದದ್ದು ಚೆಲ್ಲುವುದು.

ಹೀಗೆ ನೆಕ್ಕುವುದು, ಕಚ್ಚುವುದು, ಉಗುಳುವುದು ಎಲ್ಲ ಬಂತು. ಆದರೆ ಪ್ರಮಾಣ ಏರಲಿಲ್ಲ. ಕಾರಣ ಸರಳ, ಅವನಿಗೆ ಹಸಿವೆಯೇ ಆಗುತ್ತಿರಲಿಲ್ಲ. ಡಾಕ್ಟರ್ ಒಪ್ಪಿದ ಮೇಲೆ ಟ್ಯೂಬ್ ಹಾಲು ಕಡಿಮೆ ಮಾಡುತ್ತಾ ಬಂದೆವು. ಮೊದಲು ಮಧ್ಯಾಹ್ನದ್ದು, ಆಮೇಲೆ ಬೆಳಗಿನದು. ರಾತ್ರಿಯದು ಕೊನೆಯವರೆಗೆ ಇತ್ತು. ಇದನ್ನು ನೀವೇ ನಿರ್ಧರಿಸಿ ಮಾಡಬೇಡಿ. ವಾರ ವಾರ ತೂಕ ನೋಡಬೇಕು, ಮೂತ್ರ ಸರಿಯಾಗಿ ಹೋಗುತ್ತಿದೆಯಾ ನೋಡಬೇಕು. ನಾವು ಊರಿನ ಅಂಗನವಾಡಿಯ ತೂಕದ ಯಂತ್ರವನ್ನೇ ನಂಬಿದೆವು. ಒಂದೇ ಯಂತ್ರ, ಒಂದೇ ಹೊತ್ತು, ಬಟ್ಟೆ ಬಿಚ್ಚಿ. ಬೇರೆ ಬೇರೆ ಯಂತ್ರದ ತೂಕ ಹೋಲಿಸಿದರೆ ಸುಮ್ನೆ ಗಾಬರಿ. ಬೆಳವಣಿಗೆಯ ಚಾರ್ಟ್ ನೋಡುವಾಗಲೂ ಎರಡು ವರ್ಷದವರೆಗೆ ವಯಸ್ಸನ್ನು ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. 13 ವಾರ ಮುಂಚೆ ಹುಟ್ಟಿದವನಿಗೆ ಅದರಿಂದ ಮೂರು ತಿಂಗಳು ರಿಯಾಯಿತಿ.

ಮೊದಲ ಸಲ ಅವನು ಹಸಿವೆಗೆ ಅತ್ತಾಗ ಮನೆಯವರಿಗೆ ಅದೇನೆಂದೇ ತಿಳಿಯಲಿಲ್ಲ. ಹೊಟ್ಟೆನೋವು ಎಂದು ಓಮದ ನೀರು ಹುಡುಕಿದರು. ನಾನು ಗಟ್ಟಿ ರಾಗಿ ಮಣ್ಣಿಯ ಬಟ್ಟಲು ಮುಂದಿಟ್ಟೆ. ಕೈ ಹಾಕಿ ತಿಂದ.

ಶಿರಸಿಯ ಮಳೆಗಾಲ ನಮ್ಮನ್ನು ಹಿಂದಕ್ಕೆ ತಳ್ಳಿತು. ನೆಗಡಿ ಬಂದರೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಉಣ್ಣುವುದಿಲ್ಲ. ಆಗ ಟ್ಯೂಬ್‌ಗೆ ಮರಳಿದೆವು. ಹಾಲು, ನೀರು, ಔಷಧ ಎಲ್ಲ ಅದರಲ್ಲೇ. ಬೇರೆ ಮಕ್ಕಳ ತಾಯಂದಿರು ಔಷಧ ಕುಡಿಸಲು ಪಡುವ ಪಾಡು ನೋಡಿ ಆ ದಿನಗಳಲ್ಲಿ ನನಗೆ ಟ್ಯೂಬ್ ಮೇಲೆ ಪ್ರೀತಿಯೇ ಬಂದಿತ್ತು. ಜ್ವರ ಇಳಿದ ಮೇಲೆ ಕಲಿತದ್ದು ವಾಪಸ್ ಬರಲು ಕೆಲವು ವಾರ ಹಿಡಿಯಿತು, ಆದರೆ ಬಂತು.

ಈಗ ಊಟಕ್ಕೆ ಟ್ಯೂಬ್ ಬಳಸದೆ ತಿಂಗಳುಗಳಾದವು. ಅನ್ನ ತುಪ್ಪ, ತೆಳ್ಳೇವು (ತೆಳು ದೋಸೆ), ಬೇಯಿಸಿದ ತರಕಾರಿ, ಬಾಳೆಹಣ್ಣು ಆಗುತ್ತದೆ. ಚಕ್ಕುಲಿ, ಸೇಬು ಇನ್ನೂ ಇಲ್ಲ. ನೀರು ಈಗಲೂ ದಪ್ಪ ಮಾಡಿಯೇ. ಟ್ಯೂಬ್ ತೆಗೆಯಬಹುದಲ್ಲ ಎಂದು ಕೇಳಿದ್ದಕ್ಕೆ, ಒಂದು ಮಳೆಗಾಲವನ್ನು ಟ್ಯೂಬ್ ಮುಟ್ಟದೆ, ತೂಕ ಇಳಿಯದೆ ಕಳೆಯಲಿ ಎಂದು ಡಾಕ್ಟರ್ ಹೇಳಿದ್ದಾರೆ. ತೆಗೆದ ಮೇಲೆ ತೂತು ಸಾಮಾನ್ಯವಾಗಿ ತಾನಾಗಿ ಮುಚ್ಚುತ್ತದಂತೆ, ಮುಚ್ಚದಿದ್ದರೆ ಹೊಲಿಗೆ ಹಾಕುತ್ತಾರೆ. ಅಲ್ಲಿಯವರೆಗೆ ದಿನಾ ಕಾಯಿಸಿ ಆರಿಸಿದ ನೀರು ಹಾಕಿ ಟ್ಯೂಬ್ ತೊಳೆಯುತ್ತೇವೆ. ನುಂಗುವ ಪರೀಕ್ಷೆಗೆ ಇನ್ನೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಅದರಲ್ಲಿ ಸರಿ ಎಂದು ಬಂದರೆ ತೆಳ್ಳಗಿನ ತಂಬುಳಿ ಕುಡಿಸಬಹುದು. ಅತ್ತೆ ಅದಕ್ಕೇ ಕಾಯುತ್ತಿದ್ದಾರೆ.