ಬೆನ್ನು ಮಾತ್ರ ಕಂಡ ನಟ: ಟೊರಾಂಟೋ ಸೆಟ್‌ಗಳಲ್ಲಿ ನನ್ನ ಅನುಭವ

ಫೆಬ್ರವರಿ ತಿಂಗಳು. ಹೊರಗೆ ಮೈನಸ್ 12. ನಾನು ಅರ್ಧ ತೋಳಿನ ಹತ್ತಿ ಅಂಗಿ ಹಾಕಿಕೊಂಡು, ಬಾಯಲ್ಲಿ ಐಸ್ ತುಂಡು ಇಟ್ಟುಕೊಂಡು, ಟೊರಾಂಟೋದ ಒಂದು ರಸ್ತೆಯಲ್ಲಿ ನಡುಗುತ್ತಾ ನಿಂತಿದ್ದೆ. ಕಥೆಯ ಪ್ರಕಾರ ಅದು ಜೂನ್ ತಿಂಗಳ ನ್ಯೂಯಾರ್ಕ್. ಬಾಯಿ ತಣ್ಣಗಿದ್ದರೆ ಉಸಿರು ಬಿಟ್ಟಾಗ ಹಬೆ ಕಾಣಿಸಲ್ಲ, ಅದಕ್ಕೇ ಐಸ್. ‘ಬ್ಯಾಕ್‌ಗ್ರೌಂಡ್!’ ಅಂತ ಅಸಿಸ್ಟೆಂಟ್ ಡೈರೆಕ್ಟರ್ ಕೂಗಿದ ಕೂಡಲೇ ಐಸ್ ಉಗಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿದವನ ಹಾಗೆ ರಸ್ತೆ ದಾಟಬೇಕು. ಹನ್ನೊಂದು ಸಲ ದಾಟಿದೆ. ಕಟ್ ಅಂದ ತಕ್ಷಣ ಯಾರೋ ಬಂದು ಹೆಗಲ ಮೇಲೆ ದಪ್ಪ ಕೋಟು ಹೊದಿಸಿ ಹೋಗುತ್ತಿದ್ದರು. ಜೇಬಿನಲ್ಲಿ ಬಿಸಿಯ ಪೊಟ್ಟಣ ಇತ್ತು. ಕೆನಡಾದಲ್ಲಿ ಸಿನಿಮಾ ನಟನ ಬದುಕು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಐಸ್ ತುಂಡು.

ನಾನು ಶಿವಮೊಗ್ಗದ ಕಡೆಯವನು. ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳನ್ನು ನೋಡಿ ಬೆಳೆದವನು, ಕಾಲೇಜಿನಲ್ಲಿ ನಾಲ್ಕಾರು ನಾಟಕ ಆಡಿದವನು. ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರ್, ಎಲ್ಲರ ಹಾಗೆ ಕೆನಡಾ. ಟೊರಾಂಟೋ ಪಕ್ಕದ ಮಿಸ್ಸಿಸಾಗಾದಲ್ಲಿ ಮನೆ. 2018ರ ಅಕ್ಟೋಬರಿನಲ್ಲಿ ಕೆಲಸ ಹೋಯಿತು. ವಯಸ್ಸು 41. ಹದಿನೈದು ನಿಮಿಷದ ಒಂದು ಮೀಟಿಂಗ್, ಒಂದು ರಟ್ಟಿನ ಡಬ್ಬ, ಮುಗಿಯಿತು.

ಆಗ ನಮ್ಮ ಮನೆಯಲ್ಲಿ ಮಗಳು ‘ಕಿಮ್ಸ್ ಕನ್ವೀನಿಯನ್ಸ್’ ನೋಡುತ್ತಿದ್ದಳು. ಅದು ಟಿವಿಯ ಹಾಸ್ಯ ಧಾರಾವಾಹಿ, ಟೊರಾಂಟೋದಲ್ಲಿ ಅಂಗಡಿ ಇಟ್ಟುಕೊಂಡ ಕೊರಿಯನ್ ಕುಟುಂಬದ ಕಥೆ. ಅದರಲ್ಲಿ ಮಗನ ಪಾತ್ರ ಮಾಡುವ ಹುಡುಗನನ್ನು ತೋರಿಸಿ, ‘ಅಪ್ಪಾ, ಇವನೂ ಮಿಸ್ಸಿಸಾಗಾದವನೇ, ಇವನ ಕೆಲಸಾನೂ ಹೋಗಿತ್ತಂತೆ’ ಅಂದಳು. ಸಮಾಧಾನ ಮಾಡಿದಳೋ ಗೇಲಿ ಮಾಡಿದಳೋ ಗೊತ್ತಾಗಲಿಲ್ಲ.

ಆ ಹುಡುಗ ಸಿಮು ಲಿಯು. ಈಗ ಎಲ್ಲರಿಗೂ ಗೊತ್ತು, ಆಗ ಅಷ್ಟು ಗೊತ್ತಿರಲಿಲ್ಲ. ಹುಟ್ಟಿದ್ದು 1989ರಲ್ಲಿ, ಚೀನಾದ ಹಾರ್ಬಿನ್‌ನಲ್ಲಿ. ಐದು ವರ್ಷದವರೆಗೆ ಅಜ್ಜ ಅಜ್ಜಿ ಸಾಕಿದರು, ಆಮೇಲೆ ಅಪ್ಪ ಅಮ್ಮ ಕೆನಡಾಕ್ಕೆ ಕರೆಸಿಕೊಂಡರು. ನಮ್ಮ ಮಕ್ಕಳ ಹಾಗೆ ಅವನಿಗೂ ಮಾರ್ಕ್ಸ್, ಮಾರ್ಕ್ಸ್, ಮಾರ್ಕ್ಸ್. ವೆಸ್ಟರ್ನ್ ಯೂನಿವರ್ಸಿಟಿಯಲ್ಲಿ ಬಿಸಿನೆಸ್ ಓದಿ ದೊಡ್ಡ ಅಕೌಂಟಿಂಗ್ ಕಂಪನಿ ಸೇರಿದ. ವರ್ಷ ತುಂಬುವ ಮೊದಲೇ, 2012ರಲ್ಲಿ, ತೆಗೆದುಹಾಕಿದರು. ಅದೇ ಹೊತ್ತಿಗೆ ಟೊರಾಂಟೋದಲ್ಲಿ ಶೂಟಿಂಗ್ ಆಗುತ್ತಿದ್ದ ‘ಪೆಸಿಫಿಕ್ ರಿಮ್’ ಸಿನಿಮಾಕ್ಕೆ ಎಕ್ಸ್‌ಟ್ರಾ ಬೇಕು ಅನ್ನುವ ಜಾಹೀರಾತು ಕಣ್ಣಿಗೆ ಬಿತ್ತು, ಹೋದ. ಅಲ್ಲಿಂದ ಸ್ಟಂಟ್ ಮಾಡಿದ, ಹುಟ್ಟುಹಬ್ಬಗಳಲ್ಲಿ ಸ್ಪೈಡರ್‌ಮ್ಯಾನ್ ವೇಷ ಹಾಕಿದ, ಯಾರು ಬೇಕಾದರೂ ಕೊಂಡು ಬಳಸುವ, ಆಫೀಸಿನಲ್ಲಿ ಹಲ್ಲುಕಿರಿಯುವ ಸ್ಟಾಕ್ ಫೋಟೋಗಳಿಗೆ ನಿಂತ. ಆ ಫೋಟೋಗಳು ಈಗಲೂ ಎಲ್ಲೆಲ್ಲೋ ಕಾಣುತ್ತವೆ. ಅಕೌಂಟಿಂಗ್ ಪಠ್ಯಪುಸ್ತಕದ ಮುಖಪುಟದಲ್ಲೂ ಬಂದಿತ್ತು ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ.

ಇವನನ್ನು ನೋಡಿ ನಾನು ನಟ ಆಗಲು ಹೊರಟೆ ಅಂತಲ್ಲ. ಕೆಲಸ ಹುಡುಕುತ್ತಾ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ. ವಾರಕ್ಕೆ ಎರಡು ದಿನ ಎಕ್ಸ್‌ಟ್ರಾ ಆಗಿ ಹೋಗೋಣ, ಸಂಜೆ ಅರ್ಜಿ ಹಾಕೋಣ ಅಂದುಕೊಂಡೆ.

ಇಲ್ಲಿ ಎಕ್ಸ್‌ಟ್ರಾ ಅನ್ನುವುದಿಲ್ಲ, ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ. ಒಂದು ಕ್ಯಾಸ್ಟಿಂಗ್ ಕಂಪನಿಗೆ ಫೋಟೋ, ಎತ್ತರ, ಅಂಗಿಯ ಅಳತೆ, ಕಾರಿನ ಬಣ್ಣ ಎಲ್ಲ ಕೊಟ್ಟೆ. ಕಾರು ಯಾಕೆ ಅಂದುಕೊಂಡಿರಾ? ಕಾರೂ ನಟಿಸುತ್ತದೆ, ಅದಕ್ಕೆ ಬೇರೆ ದುಡ್ಡು. ನನ್ನದು ಬಿಳಿ ಕಾರು, ಯಾರಿಗೂ ಬೇಡವಾಯಿತು. ಯೂನಿಯನ್ ಇಲ್ಲದವರಿಗೆ ಸಿಗುವುದು ಹೆಚ್ಚುಕಡಿಮೆ ಕನಿಷ್ಠ ಕೂಲಿ. ಆಗ ಒಂಟಾರಿಯೋದಲ್ಲಿ ಅದು ಗಂಟೆಗೆ 14 ಡಾಲರ್.

ಹಿಂದಿನ ರಾತ್ರಿ ಮೆಸೇಜ್ ಬರುತ್ತದೆ. ಕಾಲ್ ಟೈಮ್, ಅಂದರೆ ಸೆಟ್‌ಗೆ ಬಂದಿರಬೇಕಾದ ಹೊತ್ತು, ಬೆಳಿಗ್ಗೆ 5.42. ಮೊದಲ ಸಲ ಇದೇನು 42 ಅಂತ ನಕ್ಕಿದ್ದೆ. ಸಿನಿಮಾದವರು ಗಂಟೆಯನ್ನು ಹತ್ತು ಭಾಗ ಮಾಡಿ ಲೆಕ್ಕ ಇಡುತ್ತಾರೆ, ಒಂದು ಭಾಗ ಆರು ನಿಮಿಷ. ಆ ಹೊತ್ತಿಗೆ ಇಲ್ಲಿನ ಲೋಕಲ್ ರೈಲು ಗೋ ಟ್ರೈನ್ ಸಿಗದು, ಕತ್ತಲಲ್ಲಿ ಹಿಮದ ಮೇಲೆ ಕಾರು ಓಡಿಸಬೇಕು. ಮೂರು ಜೊತೆ ಬಟ್ಟೆ ತರಬೇಕು. ಬಿಳಿ ಬೇಡ, ಕಡು ಕೆಂಪು ಬೇಡ, ಸಣ್ಣ ಗೆರೆ ಬೇಡ, ಯಾವ ಕಂಪನಿಯ ಗುರುತೂ ಇರಬಾರದು. ಆಮೇಲೆ ಹೋಲ್ಡಿಂಗ್. ಅಂದರೆ ಚರ್ಚಿನ ನೆಲಮಾಳಿಗೆಯಲ್ಲೋ ಕಮ್ಯೂನಿಟಿ ಹಾಲಿನಲ್ಲೋ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಯುವುದು. ಐದು ಗಂಟೆ, ಏಳು ಗಂಟೆ. ಕೆಲವು ದಿನ ಇಡೀ ದಿನ ಕೂತು, ಕ್ಯಾಮೆರಾ ಮುಖವನ್ನೇ ನೋಡದೆ ಮನೆಗೆ ಬಂದಿದ್ದೇನೆ. ಅಲ್ಲಿ ಸ್ವೆಟರ್ ಹೆಣೆಯುವವರು, ತೆರಿಗೆ ಪರೀಕ್ಷೆಗೆ ಓದುವವರು, ನಿವೃತ್ತ ಮೇಷ್ಟ್ರುಗಳು ಎಲ್ಲ ಇರುತ್ತಾರೆ. ಕಾಯುವುದೇ ಕೆಲಸ, ನಟನೆ ಮಧ್ಯೆ ಮಧ್ಯೆ ಬರುವ ಅಡಚಣೆ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ, ಯಾಕೆಂದರೆ ತಡವಾದರೆ ಯೂನಿಯನ್ ನಟರಿಗೆ ದಂಡ ಕಟ್ಟಬೇಕು. ಊಟದ ಸಾಲಿನಲ್ಲಿ ನಾವು ಕೊನೆ, ಇರಲಿ.

ಕ್ಯಾಮೆರಾ ಮುಂದೆ ಮಾತಾಡುವ ಹಾಗೆ ತುಟಿ ಆಡಿಸಬೇಕು, ದನಿ ಬರಬಾರದು. ಹೋಟೆಲಿನ ದೃಶ್ಯ ಆದರೆ ಚಮಚದ ಸದ್ದೂ ಬರಬಾರದು. ಇದು ಕಷ್ಟ ಕಣ್ರೀ. ನನ್ನ ಎದುರು ಕೂರುತ್ತಿದ್ದ ಒಬ್ಬ ತಮಿಳು ಹೆಂಗಸು ಮತ್ತು ನಾನು, ಅವರು ತಮಿಳಿನಲ್ಲಿ, ನಾನು ಕನ್ನಡದಲ್ಲಿ, ದನಿಯೇ ಇಲ್ಲದೆ ಎರಡು ಗಂಟೆ ಜಗಳ ಆಡಿದ್ದೇವೆ. ಯಾವುದೋ ಅಮೆರಿಕನ್ ಸೀರೀಸಿನಲ್ಲಿ ಹಿಂದಿನ ಟೇಬಲ್‌ನಲ್ಲಿ ಅದು ಮಸುಕಾಗಿ ಇದೆ.

ಟೊರಾಂಟೋ ತನ್ನ ಹೆಸರಿನಲ್ಲಿ ತೆರೆಯ ಮೇಲೆ ಬರುವುದು ಕಡಿಮೆ. ನ್ಯೂಯಾರ್ಕ್ ಆಗುತ್ತದೆ, ಶಿಕಾಗೋ ಆಗುತ್ತದೆ. ಬೆಳಗಾಗುವಷ್ಟರಲ್ಲಿ ಕೆನಡಾದ ಕೆಂಪು ಅಂಚೆಪೆಟ್ಟಿಗೆ ಮಾಯ, ಅಮೆರಿಕದ ನೀಲಿ ಪೆಟ್ಟಿಗೆ ಪ್ರತ್ಯಕ್ಷ. ಕಾರುಗಳ ನಂಬರ್ ಪ್ಲೇಟ್ ಬದಲು, ಹಳದಿ ಟ್ಯಾಕ್ಸಿ ಸಾಲಾಗಿ ಬಂದು ನಿಲ್ಲುತ್ತವೆ. ಸಬ್‌ವೇ ದೃಶ್ಯ ಬೇಕೆಂದರೆ ಲೋಯರ್ ಬೇ ಅನ್ನುವ ಸ್ಟೇಷನ್ ಇದೆ. 1966ರಲ್ಲಿ ಆರು ತಿಂಗಳು ಓಡಿಸಿ ಮುಚ್ಚಿದ್ದು, ಈಗ ಸಿನಿಮಾದವರ ಆಸ್ತಿಯ ಹಾಗೆ ಆಗಿದೆ. ಊರೇ ವೇಷ ಹಾಕಿದ ಮೇಲೆ ನಟರದ್ದೇನು? ಇಲ್ಲಿನ ನಟರು ‘ಅಬೌಟ್’, ‘ಸಾರಿ’ ಅನ್ನುವ ಪದಗಳಲ್ಲಿ ತಮ್ಮ ಕೆನಡಾ ರಾಗ ಕೇಳಿಸದ ಹಾಗೆ ಕೂತು ಅಭ್ಯಾಸ ಮಾಡುತ್ತಾರೆ. ಇದು ಹೊಸದೇನಲ್ಲ. ಮೂಕಿ ಸಿನಿಮಾ ಕಾಲದಲ್ಲಿ ‘ಅಮೆರಿಕದ ಮುದ್ದಿನ ಹುಡುಗಿ’ ಅಂತ ಹೆಸರಾದ ಮೇರಿ ಪಿಕ್‌ಫೋರ್ಡ್ ಹುಟ್ಟಿದ್ದು 1892ರಲ್ಲಿ, ಟೊರಾಂಟೋದ ಯೂನಿವರ್ಸಿಟಿ ಅವೆನ್ಯೂದಲ್ಲಿ.

ಆದರೆ ಕೆನಡಾದವನು ಅನ್ನುವುದಕ್ಕೆ ಒಂದು ಬೆಲೆಯೂ ಇದೆ, ಅಕ್ಷರಶಃ. ಕೆನಡಾದ ಸಿನಿಮಾಗಳಿಗೆ ಅಂತಲೇ ಸರ್ಕಾರ ಕೊಡುವ ತೆರಿಗೆ ರಿಯಾಯಿತಿ ಸಿಗಬೇಕಾದರೆ ಆ ಸಿನಿಮಾ ‘ಕೆನಡಾದ್ದು’ ಅಂತ ಪ್ರಮಾಣಪತ್ರ ಪಡೆಯಬೇಕು, ಅದಕ್ಕೆ ಹತ್ತು ಅಂಕದಲ್ಲಿ ಕನಿಷ್ಠ ಆರು ಬರಬೇಕು. ನಿರ್ದೇಶಕರಿಗೆ ಎರಡು, ಬರೆದವರಿಗೆ ಎರಡು, ಅತಿ ಹೆಚ್ಚು ಸಂಭಾವನೆ ಪಡೆಯುವ ಇಬ್ಬರು ನಟರಿಗೆ ತಲಾ ಒಂದು, ಹೀಗೆ ಹೋಗುತ್ತದೆ. ಪೌರತ್ವವೇ ಬೇಕಿಲ್ಲ, ಪಿ.ಆರ್., ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ, ಇದ್ದರೂ ಕೆನಡಾದವರೇ. ಇದು ಗೊತ್ತಾದ ದಿನ ನನ್ನ ಪಿ.ಆರ್. ಕಾರ್ಡಿನ ಮೇಲೆ ಸ್ವಲ್ಪ ಗೌರವ ಜಾಸ್ತಿ ಆಯಿತು. ನನ್ನನ್ನು ಮುಖ್ಯಪಾತ್ರಕ್ಕೆ ಹಾಕಿ ಅಂಕ ಗಳಿಸುವ ಪುಣ್ಯಾತ್ಮ ಇನ್ನೂ ಸಿಕ್ಕಿಲ್ಲ, ಅದು ಬೇರೆ ಮಾತು.

ಆರು ತಿಂಗಳಾದ ಮೇಲೆ ಮಾತಿರುವ ಪಾತ್ರ ಬೇಕು ಅನ್ನಿಸಿತು. ಅದಕ್ಕೆ ಏಜೆಂಟ್ ಬೇಕು. ಇಲ್ಲಿ ನಾನು ಒಂದು ಗುಂಡಿಗೆ ಬಿದ್ದೆ. ಒಂದು ಸಂಸ್ಥೆಯವರು ‘ನಿಮ್ಮ ಮುಖದಲ್ಲಿ ಏನೋ ಇದೆ’ ಅಂದರು, ಫೋಟೋ ಮತ್ತು ತರಬೇತಿಗೆ ಅಂತ ದುಡ್ಡು ಕಟ್ಟಿಸಿಕೊಂಡರು. ಮುಖದಲ್ಲಿ ಇದ್ದದ್ದು ಪೆದ್ದುತನ. ಒಂದೇ ಒಂದು ಆಡಿಷನ್ ಬರಲಿಲ್ಲ. ಸರಿಯಾದ ಏಜೆಂಟ್ ಮೊದಲೇ ದುಡ್ಡು ಕೇಳುವುದಿಲ್ಲ, ನಿಮಗೆ ಕೆಲಸ ಸಿಕ್ಕಾಗ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಇದನ್ನು ಹೋಲ್ಡಿಂಗ್‌ನಲ್ಲಿ ಕೂತವರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಮುಂದೆ ಒಬ್ಬ ಸಣ್ಣ ಏಜೆಂಟ್ ಸಿಕ್ಕರು, ಈಗಲೂ ಅವರೇ.

ನನ್ನ ನಿಜವಾದ ಕಷ್ಟ ಶುರುವಾಗಿದ್ದು ನಾಟಕದಿಂದ. ನಾನು ಕಲಿತದ್ದು ಕೊನೆಯ ಸಾಲಿನಲ್ಲಿ ಕೂತ ಅಜ್ಜನಿಗೂ ಕೇಳುವ ಹಾಗೆ ಮಾತಾಡುವುದು. ಕ್ಯಾಮೆರಾಕ್ಕೆ ಅದು ಬೇಡ. ನನ್ನ ಮೊದಲ ಆಡಿಷನ್ ವಿಡಿಯೋ ನೋಡಿದರೆ ಯಾರಿಗೋ ಪಕ್ಕದ ಊರಿನಿಂದ ಕೂಗಿ ಹೇಳುತ್ತಿರುವ ಹಾಗಿದೆ. ಹುಬ್ಬು ಬೇರೆ, ಕಥಕ್ಕಳಿಯವರ ಹಾಗೆ ಹಾರುತ್ತದೆ. ಒಂದು ವರ್ಷ ನಾನು ಮಾಡಿದ ಅಭ್ಯಾಸ ಒಂದೇ: ಸಾಲನ್ನು ಹೇಳದೆ ಸುಮ್ನೆ ಯೋಚಿಸುವುದು, ಅದನ್ನು ಫೋನಿನಲ್ಲಿ ಹಿಡಿದು ನೋಡುವುದು. ಮುಖ ಏನೂ ಮಾಡದಿದ್ದಾಗ ಜಾಸ್ತಿ ಕಾಣಿಸುತ್ತದೆ ಅನ್ನುವುದನ್ನು ನಂಬಲು ಅಷ್ಟು ದಿನ ಹಿಡಿಯಿತು.

2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಮತ್ತೆ ತೆರೆದಾಗ ಆಡಿಷನ್ ಕೋಣೆಗೆ ಹೋಗುವುದೇ ನಿಂತುಹೋಗಿತ್ತು, ಎಲ್ಲವೂ ಸೆಲ್ಫ್ ಟೇಪ್, ಅಂದರೆ ಮನೆಯಲ್ಲೇ ವಿಡಿಯೋ ಮಾಡಿ ಕಳಿಸುವುದು. ಮಲಗುವ ಕೋಣೆಯ ಒಂದು ಗೋಡೆಗೆ ಮಂಕು ನೀಲಿ ಬಣ್ಣ ಹೊಡೆದೆ. ಎರಡು ದೀಪ, ಒಂದು ಟ್ರೈಪಾಡ್. ಎದೆಯಿಂದ ಮೇಲೆ ಚೌಕಟ್ಟು, ಕಣ್ಣು ಲೆನ್ಸಿನ ಪಕ್ಕಕ್ಕೆ. ಎದುರು ಪಾತ್ರದ ಸಾಲುಗಳನ್ನು ಹೆಂಡತಿ ಓದುತ್ತಾಳೆ. ನ್ಯೂಯಾರ್ಕಿನ ಒರಟು ಪೊಲೀಸ್ ಅಧಿಕಾರಿ ಅವಳ ಬಾಯಲ್ಲಿ ಸಾಗರದ ಹೈಸ್ಕೂಲ್ ಟೀಚರ್ ಆಗುತ್ತಾನೆ. ಕುಕ್ಕರ್ ಮೂರನೇ ಸೀಟಿ ಹೊಡೆದು ಹಾಳಾದ ಟೇಕುಗಳಿಗೆ ಲೆಕ್ಕವಿಲ್ಲ.

ಬರುವ ಪಾತ್ರಗಳು ಯಾವುವು? ಡಾಕ್ಟರ್, ಟ್ಯಾಕ್ಸಿ ಡ್ರೈವರ್, ಅಂಗಡಿಯವನು, ಕಂಪ್ಯೂಟರ್ ಸರಿ ಮಾಡುವವನು. ಹೆಸರು ಹೆಚ್ಚಾಗಿ ಪಟೇಲ್ ಅಥವಾ ಸಿಂಗ್. ಗೌಡ ಬಂದದ್ದು ನೋಡಿಲ್ಲ. ಒಂದು ಸಲ ‘ಆಕ್ಸೆಂಟ್ ಸ್ವಲ್ಪ ಜಾಸ್ತಿ ಮಾಡಿ’ ಅಂದರು. ನಾನು ನನ್ನ ಸಹಜ ಇಂಗ್ಲಿಷಿನಲ್ಲೇ ಮಾತಾಡಿದ್ದೆ, ಅದು ಶಿವಮೊಗ್ಗದ ಇಂಗ್ಲಿಷ್. ಅವರಿಗೆ ಬೇಕಾಗಿದ್ದು ಭೂಮಿಯ ಮೇಲೆ ಯಾರೂ ಆಡದ ಇನ್ನೊಂದು ಇಂಗ್ಲಿಷ್. ಮಾಡಿಕೊಟ್ಟೆ, ಪಾತ್ರ ಸಿಗಲಿಲ್ಲ. ಎರಡು ದಿನ ನನ್ನ ಮೇಲೆ ನನಗೇ ಸಿಟ್ಟು ಇತ್ತು. ಕಿಮ್ಸ್ ಕನ್ವೀನಿಯನ್ಸ್‌ನಲ್ಲಿ ಅಪ್ಪನ ಪಾತ್ರ ಮಾಡಿದ ಪಾಲ್ ಸನ್‌ಹ್ಯುಂಗ್ ಲೀ ಅವರ ಸ್ವಂತ ಮಾತು ಅಪ್ಪಟ ಕೆನಡಾದ್ದು. ಪಾತ್ರದ ಕೊರಿಯನ್ ರಾಗ ಅವರು ಕಟ್ಟಿಕೊಂಡದ್ದು, ಆದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತದೆ. ವ್ಯತ್ಯಾಸ ಅಲ್ಲಿದೆ. ಅಷ್ಟು ಒಳ್ಳೆಯ ಶೋನಲ್ಲೂ ಸಂಭಾವನೆ ತೀರಾ ಕಡಿಮೆ ಇತ್ತು, ಬರೆಯುವವರಲ್ಲಿ ಏಷ್ಯಾ ಮೂಲದವರು ಸಾಲದಾಗಿತ್ತು ಅಂತ ಸಿಮು ಲಿಯು 2021ರಲ್ಲಿ ಬಹಿರಂಗವಾಗಿಯೇ ಬರೆದ.

ಅದೇ 2021ರ ಸೆಪ್ಟೆಂಬರಿನಲ್ಲಿ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸಿನಿಮಾ ‘ಶಾಂಗ್ ಚಿ’ ಬಂತು, ಅವನೇ ಹೀರೋ. ಅಲ್ಲಿಂದ ನನಗೆ ಕಾಟ ಶುರು. ಊರಿನಿಂದ, ಆಫೀಸಿನಿಂದ, ಎಲ್ಲರೂ: ‘ನೋಡಿ, ನಿಮ್ಮ ಹಾಗೇ ಕೆಲಸ ಕಳ್ಕೊಂಡು ಎಕ್ಸ್‌ಟ್ರಾ ಆಗಿ ಶುರು ಮಾಡಿದವನು!’ ಅವನ ಲೆಕ್ಕ ಯಾರೂ ಹಾಕುವುದಿಲ್ಲ. ಕೆಲಸ ಹೋದದ್ದು 2012. ಮಾರ್ವೆಲ್ ಕಂಪನಿ ಅವನ ಹೆಸರು ಹೇಳಿದ್ದು 2019ರ ಜುಲೈ. ಮಧ್ಯೆ ಏಳು ವರ್ಷ, ಮೈ ಬಗ್ಗುವ ವಯಸ್ಸು, ಹಿಂದೆ ಮಕ್ಕಳ ಫೀಸಿಲ್ಲ. ಅವನ ಹಾಗೇ 2012ರಲ್ಲಿ ಶುರು ಮಾಡಿ ಇನ್ನೂ ಹೋಲ್ಡಿಂಗ್‌ನಲ್ಲಿ ಸ್ವೆಟರ್ ಹೆಣೆಯುತ್ತಿರುವವರು ನನಗೆ ಗೊತ್ತು. ಅವರಲ್ಲಿ ಕೆಲವರು ಒಳ್ಳೆಯ ನಟರು.

ನಾನು ಅಷ್ಟು ಧೈರ್ಯ ಮಾಡಲಿಲ್ಲ. 2019ರ ಕೊನೆಗೆ ಮತ್ತೆ ಸಾಫ್ಟ್‌ವೇರ್ ಹಿಡಿದೆ, ಕಾಂಟ್ರ್ಯಾಕ್ಟ್ ಮೇಲೆ, ಮಧ್ಯೆ ರಜೆ ಹಾಕಲು ಬಿಡುವ ಕಡೆ ಮಾತ್ರ. 2023ರಲ್ಲಿ ಅದು ಕೈ ಹಿಡಿಯಿತು. ಅಮೆರಿಕದಲ್ಲಿ ಮೇ ತಿಂಗಳಲ್ಲಿ ಬರಹಗಾರರು, ಜುಲೈ 14ರಿಂದ ನಟರು ಮುಷ್ಕರ ಹೂಡಿದರು. ಮುಷ್ಕರ ನಮ್ಮದಲ್ಲ, ಇಲ್ಲಿನ ಯೂನಿಯನ್ ಆಕ್ಟ್ರಾ ಬೇರೆಯೇ. ಆದರೆ ಬರುವ ಸಿನಿಮಾಗಳು ಅಲ್ಲಿಯವು. ನವೆಂಬರ್ 9ಕ್ಕೆ ಮುಗಿಯುವವರೆಗೆ ಟೊರಾಂಟೋದಲ್ಲಿ ಗುರುತಿನ ಎಷ್ಟೋ ಜನ ಊಬರ್ ಓಡಿಸಿದರು.

ನನ್ನ ನಾಲ್ಕು ಸಾಲಿನ ಪಾತ್ರ ಬಂದದ್ದು ಅದಕ್ಕೂ ಮೊದಲು, 2022ರಲ್ಲಿ. ಇಲ್ಲಿನ ಒಪ್ಪಂದದಲ್ಲಿ ಐದು ಸಾಲಿನವರೆಗೆ ‘ಆಕ್ಟರ್’, ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ‘ಪ್ರಿನ್ಸಿಪಲ್ ಆಕ್ಟರ್’, ಸಂಭಾವನೆ ಬೇರೆ ಬೇರೆ. ನಾನು ಡಾಕ್ಟರ್. ಹೆಸರಿಲ್ಲ, ಅದೂ ಒಳ್ಳೆಯದೇ, ಪಟೇಲ್ ಅಲ್ಲ. ಬಾಗಿಲಿನ ಮೇಲೆ ಸ್ಟಿಕರ್ ಅಂಟಿಸಿದ ಟ್ರೈಲರ್, ಅಂದರೆ ನಟರು ಕೂರುವ ಗಾಲಿಯ ಕೋಣೆ, ಕೊಟ್ಟರು. ಆ ಸ್ಟಿಕರ್ ಕಿತ್ತು ಮನೆಗೆ ತಂದಿದ್ದೇನೆ. ಹತ್ತು ಗಂಟೆ ಇದ್ದೆ, ಅಭಿನಯ ನಲವತ್ತು ನಿಮಿಷ. ಸಾಲುಗಳನ್ನು ಕೂಗದೆ ಹೇಳಿದೆ. ನಿರ್ದೇಶಕಿ ಎರಡನೇ ಟೇಕಿಗೇ ‘ಮುಂದೆ ಹೋಗೋಣ’ ಅಂದರು. ಈ ಕೆಲಸದಲ್ಲಿ ಹೊಗಳಿಕೆ ಅಂದರೆ ಅಷ್ಟೇ.

ಎಂಟು ತಿಂಗಳಾದ ಮೇಲೆ ಪ್ರಸಾರ ಆಯಿತು. ಊರಿಗೆಲ್ಲ ಹೇಳಿಟ್ಟಿದ್ದೆ. ಎಡಿಟಿಂಗ್‌ನಲ್ಲಿ ನಾಲ್ಕೂ ಸಾಲು ಹೋಗಿತ್ತು. ದೃಶ್ಯ ಇತ್ತು, ನಾಯಕಿ ಅಳುತ್ತಿದ್ದಳು, ಅವಳ ಎದುರು ನನ್ನ ಬೆನ್ನು. ಪೂರ್ತಿ ಒಂಬತ್ತು ಸೆಕೆಂಡ್. ದುಡ್ಡು ಮೊದಲೇ ಬಂದಿತ್ತು, ಯೂನಿಯನ್ ಲೆಕ್ಕಕ್ಕೆ ಆ ಕ್ರೆಡಿಟ್ಟೂ ಸೇರಿತ್ತು, ಹಾಗಾಗಿ ನಷ್ಟ ಅಂತ ಹೇಳುವ ಹಾಗಿಲ್ಲ. ಶಿವಮೊಗ್ಗದಿಂದ ಹಳೆಯ ಗೆಳೆಯ, ಒಂದು ಕಾಲದಲ್ಲಿ ನನಗೆ ಮೇಕಪ್ ಮಾಡುತ್ತಿದ್ದವನು, ಫೋನ್ ಮಾಡಿದ. ‘ಚೆನ್ನಾಗಿ ನಿಂತಿದ್ದೀಯ ಮಾರಾಯ. ಹಿಂದೆ ಅಷ್ಟು ಕೂದಲು ಯಾವಾಗ ಉದುರಿತೋ?’ ಅಂದ.

ನನಗೇ ಗೊತ್ತಿರಲಿಲ್ಲ. ಹೆಂಡತಿಯ ಹತ್ತಿರ ಹಿಂದಿನಿಂದ ಫೋಟೋ ತೆಗೆಸಿ ನೋಡಿದೆ, ಅಂಗೈ ಅಗಲ ಬಯಲಾಗಿದೆ. ಏಜೆಂಟ್‌ಗೆ ಕಳಿಸಿದೆ. ‘ಮೊದಲೇ ಯಾಕೆ ಹೇಳಲಿಲ್ಲ’ ಅಂತ ಬೈದು, ನಟರ ವಿವರ ಇಡುವ ಕ್ಯಾಸ್ಟಿಂಗ್ ವರ್ಕ್‌ಬುಕ್ ಅನ್ನುವ ವೆಬ್‌ಸೈಟಿನಲ್ಲಿ ನನ್ನ ಫೋಟೋಗಳ ಜೊತೆಗೆ ಅದನ್ನೂ ಹಾಕಿದರು. ಆಮೇಲೆ ಬಂದ ಎರಡು ಆಡಿಷನ್‌ಗಳೂ ಪ್ರೊಫೆಸರ್ ಪಾತ್ರದವು.