ಕತ್ತರಿಗೆ ಮುಂಚೆ

ಸೋಮವಾರ ಮಂಡ್ಯದ ನನ್ನ ಓಪಿಡಿ ತುಂಬುವುದು ಹತ್ತೂವರೆಯ ಮೇಲೆ, ನಾಗಮಂಗಲ, ಪಾಂಡವಪುರದ ಬಸ್ಸುಗಳು ಬಂದ ಮೇಲೆ. ಈಚೆಗೆ ಹಾಗೆ ಬಂದವರಲ್ಲಿ ಒಬ್ಬರು ಅಜ್ಜಿ, ಅವರ ಮಗಳು, ಮಗಳ ಮಡಿಲಲ್ಲಿ ಐದು ತಿಂಗಳ ಗಂಡು ಕೂಸು. ಮಗಳು ತಲೆ ಎತ್ತಲಿಲ್ಲ. ಅಜ್ಜಿಯೇ ಕುರ್ಚಿ ಮುಂದಕ್ಕೆಳೆದುಕೊಂಡು ಶುರು ಮಾಡಿದರು. "ನೋಡಿ ಡಾಕ್ಟ್ರೇ, ಮಗೀಗೆ ಮುಂದ್ಗಡೆ ತೂತೇ ಕಾಣಾಕಿಲ್ಲ. ಉಚ್ಚೆ ಹುಯ್ಯೋವಾಗ ಬುಗ್ಗೆ ಊದ್ದಂಗೆ ಊದ್ಕತದೆ. ಚರ್ಮ ಕುಯ್ಯಿಸ್ಬುಡಿ ಅಂತಾವ್ರೆ ಎಲ್ರೂವೆ."

ನಾನು ಮಕ್ಕಳ ಶಸ್ತ್ರಚಿಕಿತ್ಸಕ. ಮೈಸೂರಿನಲ್ಲಿ ಕಲಿತು, ಮೈಸೂರು ಮಂಡ್ಯದ ನಡುವೆ ಓಡಾಡಿಕೊಂಡು 20 ವರ್ಷ ದಾಟಿತು. ಈ ವಿಷಯಕ್ಕೆ ಬರುವ ಅಪ್ಪ ಅಮ್ಮಂದಿರು ಆ ಅಂಗದ ಹೆಸರನ್ನೇ ಎತ್ತುವುದಿಲ್ಲ. 'ಅಲ್ಲಿ', 'ಆ ಜಾಗ', 'ಮುಂದುಗಡೆ' ಅನ್ನುತ್ತಾರೆ. ಹೆಸರು ಹೇಳಲು ನಾಚಿಕೆ, ಕುಯ್ಯಿಸಲು ಮಾತ್ರ ಅವಸರ.

ಕೂಸನ್ನು ನೋಡಿದೆ. ಏನೂ ಆಗಿರಲಿಲ್ಲ. ಉಚ್ಚೆ ಹೊಯ್ಯುವಾಗ ಚರ್ಮ ಊದಿಕೊಂಡರೂ, ಮಗು ಅಳದೆ, ಧಾರೆ ಸಲೀಸಾಗಿ ಬಂದು ಊತ ತಾನಾಗಿ ಇಳಿದರೆ ಅದು ರೋಗವಲ್ಲ. ಹುಟ್ಟುವಾಗ ಮುಂದೊಗಲು, ಅಂದರೆ ಶಿಶ್ನದ ತುದಿಯನ್ನು ಮುಚ್ಚುವ ಚರ್ಮ, ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಇದನ್ನು ಅಜ್ಜಿಯಂದಿರಿಗೆ ತಿಳಿಸಲು ನನಗೆ ಸಿಕ್ಕಿರುವ ಉಪಾಯ ಅವರೆಕಾಳು. ರಾತ್ರಿಯೆಲ್ಲ ನೆನೆದ ಕಾಳನ್ನು ಹಿದುಕಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ. ನೆನೆಯುವ ಮುಂಚೆಯೇ ಸಿಪ್ಪೆ ಕೀಳಲು ಹೋದರೆ ಬೇಳೆಯೇ ಒಡೆಯುತ್ತದೆ. ಈ ಚರ್ಮವೂ ನೆನೆಯಬೇಕು, ಅದಕ್ಕೆ ಬೇಕಾದದ್ದು ರಾತ್ರಿಯಲ್ಲ, ವರ್ಷಗಳು. 1949ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ಎಣಿಸಿ ನೋಡಿದಾಗ, ಹುಟ್ಟಿದ 100 ಗಂಡುಕೂಸುಗಳಲ್ಲಿ ಚರ್ಮ ಪೂರಾ ಹಿಂದಕ್ಕೆ ಸರಿದದ್ದು ನಾಲ್ಕಕ್ಕೆ ಮಾತ್ರ. ಎಷ್ಟೋ ಹುಡುಗರಿಗೆ ಇದು ಶಾಲೆಗೆ ಸೇರಿದ ಮೇಲೆ ಬಿಡುತ್ತದೆ, ಕೆಲವರಿಗೆ ಮೀಸೆ ಚಿಗುರುವ ಹೊತ್ತಿಗೆ. 1968ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ, 17ರ ವಯಸ್ಸಿಗೆ ಬಿಗಿಯಾಗಿಯೇ ಉಳಿದಿದ್ದವರು 100ಕ್ಕೆ ಒಬ್ಬರಷ್ಟೇ.

"ಸ್ನಾನ ಮಾಡಿಸುವಾಗ ಏನು ಮಾಡ್ತೀರಿ ಅಜ್ಜಿ?" ಎಂದು ಕೇಳಿದೆ. "ಎಣ್ಣೆ ಹಚ್ಚಿ ದಿನಾ ವಸಿ ವಸಿ ಹಿಂದಕ್ಕೆಳೀತೀನಿ. ನಮ್ಮವ್ವನೂ ಹಂಗೇ ಮಾಡ್ತಿದ್ಲು."

ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಮೂಗು ತಿದ್ದಿ, ತಲೆ ತಿದ್ದಿ, ಕೈಕಾಲು ನೀವಿ ಎಣ್ಣೆನೀರು ಹಾಕುವ ಕೈ ಕೊನೆಗೆ ಇಲ್ಲಿಗೂ ಬರುತ್ತದೆ. ಎಳೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಬೀಳುತ್ತದೆ, ಮಾಯುವಾಗ ಗಾಯದ ಗುರುತು ಗಟ್ಟಿಯಾಗುತ್ತದೆ, ಮರುದಿನ ಮತ್ತೆ ಎಳೆತ. ಹೀಗೆ ವರ್ಷಗಟ್ಟಲೆ ಎಳೆದ ಮೇಲೆ, ಮೊದಲು ಇಲ್ಲದ ಕಾಯಿಲೆ ಕಡೆಗೆ ನಿಜವಾಗಿಯೂ ಬರುತ್ತದೆ. ನಾನು ಕುಯ್ಯಲೇಬೇಕಾಗಿ ಬಂದ ಎಷ್ಟೋ ಮಕ್ಕಳ ಕಾಯಿಲೆ ಬಚ್ಚಲುಮನೆಯಲ್ಲೇ ಹುಟ್ಟಿದ್ದು. ಅಜ್ಜಿಯರನ್ನು ಬಯ್ದು ಪ್ರಯೋಜನವಿಲ್ಲ. ಎಳೆದು ತೊಳೆಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟ ಡಾಕ್ಟರುಗಳನ್ನೂ ಕಂಡಿದ್ದೇನೆ.

ಹೀಗೆ ಎಳೆದ ಚರ್ಮ ಕೆಲವೊಮ್ಮೆ ತುದಿಯ ಹಿಂದೆ ಸಿಕ್ಕಿಕೊಂಡು ವಾಪಸು ಬರುವುದಿಲ್ಲ. ಒಂದು ರಾತ್ರಿ ಮೂರು ವರ್ಷದ ಹುಡುಗನನ್ನು ಕರೆತಂದಾಗ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಅದರ ಹಿಂದೆ ಉಂಗುರದಂತೆ ಊತ. ನೋವು ಕಡಿಮೆಯಾಗುವ ಔಷಧಿ ಕೊಟ್ಟು, ಒದ್ದೆ ಗಾಜ್ ಬಟ್ಟೆ ಸುತ್ತಿ, ಮುಷ್ಟಿಯಲ್ಲಿ ಮೆಲ್ಲಗೆ ಒತ್ತಿ ಹಿಡಿದುಕೊಂಡು ಕೂತೆ. ಹತ್ತು ನಿಮಿಷ ಅನ್ನುವುದು ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು. ಊತ ಇಳಿದ ಮೇಲೆ ಎರಡು ಹೆಬ್ಬೆರಳಿನಿಂದ ತುದಿಯನ್ನು ಒಳಕ್ಕೆ ತಳ್ಳಿದಾಗ ಚರ್ಮ ಜಾರಿ ಮುಂದೆ ಬಂತು. ಇದಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ, ಗಂಟೆಗಳು ಉರುಳಿದಷ್ಟೂ ತುದಿಗೆ ರಕ್ತ ಓಡುವುದು ಕಡಿಮೆಯಾಗುತ್ತದೆ.

ಚರ್ಮದ ಕೆಳಗೆ ಸಾಬೂದಾನದ ಕಾಳಿನಂತೆ ಬಿಳಿ ಗಂಟು ಕಂಡು ಕೀವು ಎಂದು ಓಡಿ ಬರುವವರೂ ಇದ್ದಾರೆ. ಅದು ಉದುರಿದ ಚರ್ಮದ ಕಣಗಳು ಗುಡ್ಡೆಯಾದದ್ದು. ತಾನಾಗಿ ಆಚೆ ಬರುತ್ತದೆ.

ಹಾಗಾದರೆ ಕುಯ್ಯಬೇಕಾದದ್ದು ಯಾವಾಗ? ಮುಂದಿನ ಚರ್ಮ ಬೆಳ್ಳಗೆ, ಗಟ್ಟಿಯಾಗಿ, ಉಂಗುರದಂತೆ ಬಿಗಿದುಕೊಂಡಿದ್ದರೆ ಅದು ಬೇರೆಯೇ ಕಾಯಿಲೆ, ಐದು ವರ್ಷದೊಳಗೆ ಅಪರೂಪ, ಅದಕ್ಕೆ ಕತ್ತರಿಯೇ ಮದ್ದು. ಪದೇ ಪದೇ ಕೆಂಪಾಗಿ ಕೀವಾಗುವವರು, ಕಿಡ್ನಿಯ ತೊಂದರೆಯ ಜೊತೆಗೆ ಮೂತ್ರದ ಸೋಂಕು ಮರುಕಳಿಸುವವರು ಇನ್ನೊಂದು ಬಗೆ. ಮಿಕ್ಕ ಬಿಗಿತಕ್ಕೆ ಮೊದಲು ಬೀಟಾಮೆಥಸೋನ್ ಮುಲಾಮು, ದಿನಕ್ಕೆ ಎರಡು ಸಲ, ಬಿಗಿಯಾದ ಜಾಗಕ್ಕಷ್ಟೇ ತೆಳ್ಳಗೆ, ನಾಲ್ಕರಿಂದ ಎಂಟು ವಾರ. ಹೆಚ್ಚಿನ ಹುಡುಗರಿಗೆ ಇಷ್ಟೇ ಸಾಕಾಗುತ್ತದೆ. ಮುಲಾಮಿನ ಚೀಟಿ ಬರೆದಾಗ ಕೆಲವರ ಮುಖ ಚಿಕ್ಕದಾಗುತ್ತದೆ, ಅಷ್ಟು ದೂರದಿಂದ ಬಂದದ್ದು ಇಷ್ಟಕ್ಕಾ ಎನ್ನುವ ಹಾಗೆ.

ಖತ್ನಾಕ್ಕೆ, ಅಂದರೆ ಸುನ್ನತಿಗೆ, ಬರುವವರ ಲೆಕ್ಕವೇ ಬೇರೆ. ಶ್ರೀರಂಗಪಟ್ಟಣ, ಮೈಸೂರಿನ ಉದಯಗಿರಿ, ಮಂಡಿ ಮೊಹಲ್ಲಾದಿಂದ ಬೇಸಿಗೆ ರಜೆಯಲ್ಲಿ ಐದಾರು ವರ್ಷದ ಹುಡುಗರ ಸಾಲು. ಬೇಕೋ ಬೇಡವೋ ಎನ್ನುವುದು ಆ ಮನೆಯವರ ಧರ್ಮಕ್ಕೆ ಸೇರಿದ ಮಾತು, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಯಾವಾಗ, ಎಲ್ಲಿ, ಯಾರ ಕೈಯಲ್ಲಿ ಎನ್ನುವುದಕ್ಕೆ ಮಾತ್ರ ಹಾಕುತ್ತೇನೆ. ಮಗು ಆರೋಗ್ಯವಾಗಿದ್ದು ಮೈತುಂಬಿಕೊಂಡಿದ್ದರೆ ಮೊದಲ ಎರಡು ತಿಂಗಳಲ್ಲೇ ಮಾಡಿಸಿ ಅನ್ನುತ್ತೇನೆ. ಆಗ ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಕೈಕಾಲು ಒದೆಯುವ ವಯಸ್ಸಾದರೆ ಪೂರ್ತಿ ಅರಿವಳಿಕೆ ಬೇಕು, ಅದಕ್ಕೆ ಅರಿವಳಿಕೆ ತಜ್ಞರು ಬೇಕು, ಎದೆಹಾಲು ಕುಡಿದು ನಾಲ್ಕು ಗಂಟೆ, ಊಟ ಮಾಡಿ ಆರು ಗಂಟೆ ಆಗಿರಬೇಕು. ದಾರಿಯಲ್ಲಿ ಅತ್ತನೆಂದು ಬಿಸ್ಕತ್ತು ತಿನ್ನಿಸಿಕೊಂಡು ಬಂದವರನ್ನು ಎಷ್ಟೋ ಸಲ ವಾಪಸು ಕಳಿಸಿದ್ದೇನೆ. ಬಯ್ದುಕೊಂಡೇ ಹೋಗುತ್ತಾರೆ, ಹೋಗಲಿ.

ಕತ್ತರಿ ಹಿಡಿಯುವ ಮೊದಲು ಮೂತ್ರದ ತೂತು ಎಲ್ಲಿದೆ ಎಂದು ನೋಡಬೇಕು. ಕೆಲವು ಗಂಡುಕೂಸುಗಳಿಗೆ ಅದು ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ. ಇಂಥವರ ಮುಂದೊಗಲು ಸಾಮಾನ್ಯವಾಗಿ ಕೆಳಗಡೆ ಕಡಿಮೆಯಿದ್ದು ಮೇಲೆ ಮುಸುಕು ಹಾಕಿದಂತಿರುತ್ತದೆ. ಮನೆಯವರು 'ಹುಟ್ಟುವಾಗಲೇ ಅರ್ಧ ಸುನ್ನತಿ ಆಗಿದೆ' ಎಂದು ಖುಷಿಪಡುವುದೂ ಉಂಟು. ಆ ಚರ್ಮವನ್ನು ತೆಗೆಯಬಾರದು, ಮುಂದೆ ಮೂತ್ರನಾಳ ಕಟ್ಟಿಕೊಡಲು ಅದೇ ಬಟ್ಟೆ. ಒಂದಿಷ್ಟು ಮಕ್ಕಳಲ್ಲಿ ಮುಂದೊಗಲು ಹೊರಗಿನಿಂದ ಪೂರ್ತಿಯಾಗಿಯೇ ಕಾಣುತ್ತದೆ, ಬಿಡಿಸಿ ನೋಡಿದ ಮೇಲಷ್ಟೇ ಕೆಳಗಿನ ತೂತು ಗೊತ್ತಾಗುವುದು. ಹಾಗೆ ಕಂಡಾಗ ಅಲ್ಲಿಗೇ ನಿಲ್ಲಿಸಿ, ಚರ್ಮವನ್ನು ಹಾಗೇ ಮುಂದಕ್ಕೆ ತಂದು, ಹೊರಗೆ ಕಾದಿದ್ದ ಅಪ್ಪನಿಗೆ ಹೇಳಿದ್ದೇನೆ. ದಾವತ್ತಿಗೆ ಕುರಿ ತಂದಾಗಿದೆ ಸಾರ್ ಎಂದರು ಒಬ್ಬರು.

ಆಮೇಲೆ ರಕ್ತದ ವಿಚಾರ. ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು, ಮೈಸೂರಿನ ಒಂದು ನರ್ಸಿಂಗ್ ಹೋಮ್. ತಿಂಗಳು ತುಂಬಿದ ಕೂಸು. "ಮನೆಯಲ್ಲಿ ಯಾರಿಗಾದರೂ ರಕ್ತದ ಕಾಯಿಲೆ ಇದೆಯಾ?" ಎಂದು ಕೇಳಿದೆ, ಇಲ್ಲ ಅಂದರು, ಮಾಡಿದೆ. ಚೆನ್ನಾಗಿಯೇ ಆಯಿತು. ರಾತ್ರಿ ಹನ್ನೊಂದಕ್ಕೆ ಅಪ್ಪನ ಫೋನು, ಬಟ್ಟೆ ಒದ್ದೆಯಾಗುತ್ತಲೇ ಇದೆ ಎಂದು. ಒತ್ತಿ ಹಿಡಿದೆ, ಇನ್ನೊಂದು ಹೊಲಿಗೆ ಹಾಕಿದೆ. ಸೂಜಿ ಚುಚ್ಚಿದ ತೂತಿನಿಂದಲೂ ರಕ್ತ ಜಿನುಗತೊಡಗಿತು. ಮೂರು ಕೆಜಿ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 250 ಮಿಲಿ. ಅರ್ಧ ಲೋಟ ಕಾಫಿಯಷ್ಟು ಹೋದರೂ ಜೀವಕ್ಕೆ ಸಂಚಕಾರ. ಮೂಲೆಯಲ್ಲಿ ನಿಂತಿದ್ದ ತಾಯಿ ಆಗ ಮೆಲ್ಲಗೆ ಅಂದರು, ನನ್ನ ತಮ್ಮನಿಗೆ ಚಿಕ್ಕಂದಿನಿಂದ ಮಂಡಿ ಊದಿಕೊಳ್ಳುತ್ತೆ, ಹಲ್ಲು ಕಿತ್ತಾಗ ಮೂರು ದಿನ ರಕ್ತ ನಿಂತಿರಲಿಲ್ಲ ಎಂದು. ಹೀಮೋಫಿಲಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಟು ತರಿಸಿ ಕೊಟ್ಟ ಮೇಲೆ ರಕ್ತ ನಿಂತಿತು, ಮಗು ಉಳಿಯಿತು.

ಮಂಡಿ ಊದುವುದು ರಕ್ತದ ಕಾಯಿಲೆ ಎಂದು ಯಾವ ತಾಯಿಗೆ ಹೊಳೆಯಬೇಕು? ಪ್ರಶ್ನೆಯನ್ನೇ ನಾನು ತಪ್ಪಾಗಿ ಕೇಳಿದ್ದೆ. ಅವತ್ತಿನಿಂದ ತಾಯಿಯನ್ನೇ ಕೂರಿಸಿಕೊಂಡು ಕೇಳುತ್ತೇನೆ: ಮಗುವಿನ ಸೋದರಮಾವಂದಿರು ಎಷ್ಟು ಜನ, ಅವರಿಗೆ ಹಲ್ಲು ಕಿತ್ತಾಗ, ಗಾಯವಾದಾಗ ರಕ್ತ ನಿಂತಿತ್ತಾ, ಕೀಲು ಊದುತ್ತಿತ್ತಾ, ಚಿಕ್ಕಂದಿನಲ್ಲೇ ಯಾರಾದರೂ ತೀರಿಕೊಂಡಿದ್ದಾರಾ. ಈ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದು. ಇದು ಹಳೆಯ ಕಾಲದವರಿಗೂ ಗೊತ್ತಿತ್ತು. ಇಬ್ಬರು ಗಂಡುಮಕ್ಕಳು ಸುನ್ನತಿಯಿಂದ ತೀರಿಕೊಂಡಿದ್ದರೆ ಮೂರನೆಯವನಿಗೆ ಬೇಡ ಎಂದು ಯಹೂದಿಗಳ ತಾಲ್ಮೂಡಿನಲ್ಲೇ ಇದೆ. ಆದರೂ ಮೂರರಲ್ಲಿ ಒಂದು ಪಾಲು ಮಕ್ಕಳ ವಂಶದಲ್ಲಿ ಈ ಕಾಯಿಲೆಯ ಸುಳಿವೇ ಇರುವುದಿಲ್ಲ. ಹಾಗಾಗಿ ಸಂಶಯವಿದ್ದರೆ ರಕ್ತಪರೀಕ್ಷೆ. ಹುಟ್ಟಿದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಚುಚ್ಚುಮದ್ದು ಹಾಕಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡುತ್ತೇನೆ. ಮನೆಯಲ್ಲೇ ಹೆರಿಗೆಯಾಗಿದ್ದರೆ ನಾನೇ ಹಾಕಿಸಿ ಆಮೇಲೆ ದಿನ ಗೊತ್ತುಮಾಡುತ್ತೇನೆ.

ಕೆಲಸ ದೊಡ್ಡದಲ್ಲ, ಅವಸರ ಮಾಡಬಾರದು ಅಷ್ಟೆ. ಬುಡದಲ್ಲಿ ಎರಡು ಕಡೆ ಮರಗಟ್ಟಿಸುವ ಲಿಗ್ನೋಕೇನ್, ತೂಕಕ್ಕೆ ತಕ್ಕಷ್ಟು, ಅಡ್ರಿನಾಲಿನ್ ಬೆರೆಸದ್ದು. ಆಮೇಲೆ ಗೋಡೆ ಗಡಿಯಾರ ನೋಡಿಕೊಂಡು ಐದು ನಿಮಿಷ ಸುಮ್ಮನಿರಬೇಕು. ಜೂನಿಯರುಗಳು ಎಡವುವುದು ಇಲ್ಲೇ, ಇಂಜೆಕ್ಷನ್ ಹಾಕಿ ಕೂಡಲೇ ಶುರು ಮಾಡುತ್ತಾರೆ. ಹಸುಗೂಸಿಗೆ ನೋವು ಗೊತ್ತಾಗುವುದಿಲ್ಲ ಎನ್ನುವ ಕಾಲ ಹೋಯಿತು. ಮರಗಟ್ಟಿಸದೆ ಸುನ್ನತಿ ಮಾಡಿಸಿಕೊಂಡ ಕೂಸುಗಳು ತಿಂಗಳುಗಳ ನಂತರ ಲಸಿಕೆ ಹಾಕುವಾಗ ಹೆಚ್ಚು ಅತ್ತದ್ದನ್ನು 1997ರಲ್ಲೇ ಕೆನಡಾದವರು ದಾಖಲಿಸಿದ್ದಾರೆ. ಸಿಸ್ಟರ್ ಬೆರಳಿಗೆ ಗಾಜ್ ಸುತ್ತಿ ಸಕ್ಕರೆ ನೀರಲ್ಲಿ ಅದ್ದಿ ಚೀಪಿಸುತ್ತಾರೆ, ಅದು ಇಂಜೆಕ್ಷನ್ನಿನ ಜೊತೆಗೆ, ಅದರ ಬದಲಿಗಲ್ಲ. ಅಂಟಿದ್ದನ್ನು ಬಿಡಿಸಿ, ತೂತು ಇನ್ನೊಮ್ಮೆ ನೋಡಿ, ಪ್ಲಾಸ್ಟಿಬೆಲ್ ಎನ್ನುವ ಪುಟ್ಟ ಉಂಗುರವನ್ನು ತುದಿಯ ಮೇಲೆ ಕೂರಿಸಿ, ಅದರ ಸುತ್ತಲಿನ ಗೀರಿನಲ್ಲಿ ದಾರ ಬಿಗಿದು, ಮುಂದಿನ ಚರ್ಮ ಕತ್ತರಿಸುತ್ತೇನೆ. ಹಿಡಿಕೆ ಟಕ್ಕನೆ ಮುರಿದರೆ ಮುಗಿಯಿತು. ಉಂಗುರದ ಅಳತೆ ಸರಿಯಿರಬೇಕು, ದೊಡ್ಡದಾದರೆ ಹಿಂದಕ್ಕೆ ಜಾರಿ ಕಚ್ಚಿಕೊಳ್ಳುತ್ತದೆ.

ರಕ್ತ ನಿಲ್ಲಿಸಲು ಒಂದೇ ಧ್ರುವದ ಕರೆಂಟಿನ ಕಾಟರಿಯನ್ನು, ಅಂದರೆ ಸುಟ್ಟು ರಕ್ತ ನಿಲ್ಲಿಸುವ ಉಪಕರಣವನ್ನು, ಆ ಜಾಗಕ್ಕೆ ಮುಟ್ಟಿಸಬಾರದು. ಬುಡ ಸಣ್ಣದು, ಕರೆಂಟೆಲ್ಲ ಅಲ್ಲಿಂದಲೇ ಹಾಯಬೇಕು, ಅಂಗವೇ ಸುಟ್ಟುಹೋಗಬಹುದು. 1966ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಎಂಟು ತಿಂಗಳ ಅವಳಿಗಳಲ್ಲಿ ಒಬ್ಬನಿಗೆ ಕಾಟರಿಯಿಂದ ಹಾಗೇ ಆಯಿತು. ಇಬ್ಬರನ್ನೂ ಕರೆತಂದದ್ದು ಚರ್ಮ ಬಿಗಿ ಎನ್ನುವ ಕಾರಣಕ್ಕೆ. ಇನ್ನೊಬ್ಬನನ್ನು ಭಯಪಟ್ಟು ಹಾಗೇ ಬಿಟ್ಟರು, ಅವನ ಬಿಗಿತ ತಾನಾಗಿ ಹೋಯಿತು.

ಮೈಸೂರಿನ ಕಡೆಯಿಂದ ಬರುವ ಎಳೆಯ ದಂಪತಿಗಳು ಕೆಲವರು, ಸುನ್ನತಿ ಮಾಡಿಸಿದರೆ ಸೋಂಕು, ಎಚ್‌ಐವಿ ಕಡಿಮೆಯಂತಲ್ಲ ಎಂದು ಅಮೆರಿಕದ ಮಾತು ತರುತ್ತಾರೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ್ದು, ಲಾಭ ಅಪಾಯಕ್ಕಿಂತ ಹೆಚ್ಚು, ಆದರೆ ಎಲ್ಲ ಮಕ್ಕಳಿಗೂ ಮಾಡಿ ಎನ್ನುವಷ್ಟಲ್ಲ, ತೀರ್ಮಾನ ತಂದೆ ತಾಯಿಗೆ ಬಿಟ್ಟದ್ದು ಎಂದು. ಮೊದಲ ವರ್ಷದ ಮೂತ್ರದ ಸೋಂಕು ಕಡಿಮೆಯಾಗುವುದು ನಿಜ, ಆದರೆ ಒಂದು ಸೋಂಕು ತಪ್ಪಿಸಲು ನೂರಕ್ಕೂ ಹೆಚ್ಚು ಮಕ್ಕಳಿಗೆ ಮಾಡಬೇಕು. ಎಚ್‌ಐವಿ ಶೇಕಡ 60ರಷ್ಟು ಕಡಿಮೆಯಾದದ್ದು ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡದ ವಯಸ್ಕ ಗಂಡಸರಲ್ಲಿ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದೂ ಸೋಂಕು ಬಹಳವಿರುವ ಅಂಥ ನಾಡುಗಳಿಗೇ. ನನ್ನ ಸ್ವಂತ ಮಗನಿಗೆ ನಾನು ಮಾಡಿಸಲಿಲ್ಲ.

ಮನೆಗೆ ಕಳಿಸುವಾಗ ಹೇಳುವ ಮಾತು ಸ್ವಲ್ಪವೇ. ತುದಿಯ ಮೇಲೆ ಹಳದಿ ಪೊರೆ ಕಟ್ಟುತ್ತದೆ, ಕೀವಲ್ಲ, ಒರೆಸಬೇಡಿ. ಬೂದಿ, ಅರಿಸಿನ, ಕಾಫಿ ಪುಡಿ ಬೇಡ. ಡಯಾಪರ್ ಸಡಿಲವಾಗಿರಲಿ. ಎಂಟು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಬಟ್ಟೆಯಲ್ಲಿ ರೂಪಾಯಿಯಗಲಕ್ಕಿಂತ ದೊಡ್ಡ ಕಲೆ ಕಂಡರೆ, ಜ್ವರ ಬಂದರೆ, ಉಂಗುರ ಹಿಂದಕ್ಕೆ ಜಾರಿದರೆ, ಹತ್ತು ದಿನವಾದರೂ ಬೀಳದಿದ್ದರೆ ಬನ್ನಿ, ಫೋನಿನಲ್ಲಿ ಫೋಟೋ ಕಳಿಸಿ ಕಾಯಬೇಡಿ. ಮುಂದೊಂದು ದಿನ ಉಚ್ಚೆಯ ಧಾರೆ ದಾರದಂತೆ ಸಣ್ಣಗಾಗಿ ಮೇಲಕ್ಕೆ ಚಿಮ್ಮತೊಡಗಿದರೂ ಬನ್ನಿ, ತೂತು ಕಿರಿದಾಗಿರಬಹುದು.

ಆ ಅಜ್ಜಿ ಮೊಮ್ಮಗನನ್ನು ಹಾಗೇ ಕರೆದುಕೊಂಡು ಹೋದರು. ಎಳೆಯುವುದು ನಿಲ್ಲಿಸಿದರೋ ಇಲ್ಲವೋ, ಮುಂದಿನ ಸಲ ಮಗಳನ್ನೇ ಕೇಳಬೇಕು. ಅದೇ ವಾರ ಶ್ರೀರಂಗಪಟ್ಟಣದಿಂದ ಒಬ್ಬ ಅಪ್ಪ ಬಂದರು. ಮಗು ಜೊತೆಯಲ್ಲಿರಲಿಲ್ಲ. ಅಂಗಿ ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಪ್ಲಾಸ್ಟಿಕ್ ಉಂಗುರ, ಒಣಗಿದ ದಾರ.

"ಏಳನೇ ದಿನ ಬಿತ್ತು ಸಾರ್. ಇದನ್ನ ನಿಮಗೆ ವಾಪಸ್ ಕೊಡ್ಬೇಕಾ?"