ನಾಟಕದ ಕೋರ್ಸಿಗೆ ಅರ್ಜಿ ಹಾಕುವ ಮೊದಲು ಕ್ಯಾಲೆಂಡರ್ ಇಳಿಸಿ

ಗದಗಿನಲ್ಲಿ ಕಾಲೇಜೊಂದರ ಎದುರು ನನ್ನ ಝೆರಾಕ್ಸ್ ಅಂಗಡಿ ಇದೆ. ಮೇ ತಿಂಗಳು ಬಂತೆಂದರೆ ಡಿಗ್ರಿ ಅಡ್ಮಿಷನ್, ಸ್ಕಾಲರ್‌ಶಿಪ್, ಆದಾಯ ಪ್ರಮಾಣಪತ್ರ ಅಂತ ಹುಡುಗರ ಸಾಲು. ಆ ಸಾಲಿನಲ್ಲಿ ವರ್ಷಕ್ಕೆ ನಾಲ್ಕೈದು ಮಂದಿ ಬೇರೆ ತರಹದವರು ಇರುತ್ತಾರೆ. ಅಂಗಡಿ ಖಾಲಿಯಾಗುವ ತನಕ ಹೊರಗೇ ನಿಂತಿರುತ್ತಾರೆ. ಆಮೇಲೆ ಮೆಲ್ಲಗೆ ಬಂದು, "ಅಕ್ಕಾರ, ನಾಟಕದ ಕೋರ್ಸಿಗೆ ಅರ್ಜಿ ಹಾಕೋದೈತ್ರಿ" ಅನ್ನುತ್ತಾರೆ. ಮನೆಯಲ್ಲಿ ಇನ್ನೂ ಹೇಳಿರುವುದಿಲ್ಲ. ಕೊನೆಯ ದಿನಾಂಕ ಎಷ್ಟೋ ಸಲ ಅವತ್ತೇ ಇರುತ್ತದೆ.

ನಾನೂ ಹವ್ಯಾಸಿ ತಂಡದಲ್ಲಿ ಪಾತ್ರ ಮಾಡುತ್ತೇನೆ, ಅದಕ್ಕೇ ಇವರಿಗೆ ನನ್ನ ಹತ್ತಿರ ಬರಲು ಧೈರ್ಯ. ಅರ್ಜಿ ತುಂಬುವುದು ಅರ್ಧ ತಾಸಿನ ಕೆಲಸ. ಆಡಿಷನ್‌ಗಳು ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಿಕೊಳ್ಳುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ.

ಮೊದಲು ಫೋನ್ ನಂಬರಿನ ವಿಷಯ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿದ ವರ್ಷ ನಾನೂ ಒಂದು ರಂಗಶಾಲೆಗೆ ಅರ್ಜಿ ಹಾಕಿದ್ದೆ. ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಅರ್ಜಿ ತುಂಬಿಕೊಟ್ಟ ಅಂಗಡಿಯವರು ತಮ್ಮ ನಂಬರನ್ನೇ ಹಾಕಿದ್ದರು. ಸಂದರ್ಶನಕ್ಕೆ ಬನ್ನಿ ಅಂತ ಫೋನ್ ಬಂತು, ಅವರಿಗೆ ನಾನು ಯಾರು ಅನ್ನುವುದೇ ನೆನಪಿರಲಿಲ್ಲ. ಹದಿನೈದು ದಿನ ಬಿಟ್ಟು ಬೇರೆ ಏನೋ ಝೆರಾಕ್ಸ್ ಮಾಡಿಸಲು ಹೋದಾಗ, "ಯಾವುದೋ ನಾಟಕದವರು ಕೇಳಾಕತ್ತಿದ್ರು, ನೀನ ಏನು?" ಅಂದರು. ಈಗ ನನ್ನ ಅಂಗಡಿಯಲ್ಲಿ ಹುಡುಗರ ಸ್ವಂತ ನಂಬರ್, ಅದರ ಜೊತೆ ಮನೆಯ ಇನ್ನೊಬ್ಬರ ನಂಬರ್ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಮನೆಯವರ ನಂಬರ್ ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ಹಾಗಿದ್ದರೆ ಇವತ್ತೇ ಮನೆಗೆ ಹೋಗಿ ಹೇಳು, ನಾಳೆ ಬಾ ಅನ್ನುತ್ತೇನೆ.

ಇನ್ನು ಕ್ಯಾಲೆಂಡರ್. ಮೊಬೈಲಿನದು ಬೇಡ, ಗೋಡೆಯದು ಬೇಕು. ನಮ್ಮ ಗದಗಿನದೇ ಶಾಬಾದಿಮಠ ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಕೌಂಟರ್ ಮೇಲೆ ಹಾಸುತ್ತೇನೆ. ಆಡಿಷನ್ ದಿನಾಂಕ ಮೊದಲು ಬರೆಯಬೇಡಿ. ಮೊದಲು ಬರೆಯಬೇಕಾದ್ದು ನೀವು ಬದಲಿಸಲಾಗದ ದಿನಗಳು. ಸೆಮಿಸ್ಟರ್ ಪರೀಕ್ಷೆ, ಪ್ರಾಕ್ಟಿಕಲ್, ವೈವಾ, ಅಕ್ಕನ ಮದುವೆ. ಪಿಯುಸಿ ಎರಡನೇ ಪರೀಕ್ಷೆ ಬರೆಯುವವರಾದರೆ ಅದೂ. ಇವನ್ನೆಲ್ಲ ಕೆಂಪು ಪೆನ್ನಿನಿಂದ ಹೊಡೆದುಹಾಕಿ. ಉಳಿದ ಖಾಲಿ ಮನೆಗಳೇ ನಿಮ್ಮ ಆಸ್ತಿ. ಎಷ್ಟು ಕಡಿಮೆ ಉಳಿದಿವೆ ಅಂತ ನೋಡಿದರೆ ಆರು ಕಡೆ ಅರ್ಜಿ ಹಾಕುವ ಆಸೆ ತಾನಾಗಿಯೇ ಇಳಿಯುತ್ತದೆ. ಮೂರು ಸಾಕು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಡೆಯವರು ಜಾಸ್ತಿ ಕೇಳುವುದು ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ, ಮೈಸೂರು ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರ. ಮೂರರಲ್ಲೂ ಸುಮಾರು ಒಂದು ವರ್ಷದ ಕೋರ್ಸ್. ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಡಿಗ್ರಿ ಮುಗಿಸಿ ದೊಡ್ಡ ಕನಸು ಕಟ್ಟಿದವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಂದರೆ ಎನ್‌ಎಸ್‌ಡಿ ಕೇಳುತ್ತಾರೆ. ಅಲ್ಲಿಯದು ಎರಡು ಹಂತದ ಆಯ್ಕೆ. ಮೊದಲ ಹಂತ ದಾಟಿದರೆ ಎರಡನೆಯದಕ್ಕೆ ದೆಹಲಿಗೆ ಹೋಗಿ ಕೆಲವು ದಿನ ಕಾರ್ಯಾಗಾರದಲ್ಲಿ ಇರಬೇಕು. ಹಾಗಾಗಿ ಎನ್‌ಎಸ್‌ಡಿ ಅಂತ ಒಂದೇ ಮನೆಯಲ್ಲಿ ಬರೆದರೆ ಆಗುವುದಿಲ್ಲ. ಹೋಗುವ, ಬರುವ ದಿನ ಸೇರಿಸಿ ಒಂದೂವರೆ ವಾರ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ.

ಒಂದು ಮಾತು. ಪತ್ರದಲ್ಲಿ 'ಸಂದರ್ಶನ' ಅಂತಲೇ ಇರುತ್ತದೆ. ಅದನ್ನು ಓದಿ ಹುಡುಗರು ಫೈಲ್ ಹಿಡಿದು, ಇಸ್ತ್ರಿ ಅಂಗಿ ಹಾಕಿ ಹೋಗಿಬಿಡುತ್ತಾರೆ, ಬ್ಯಾಂಕ್ ಕೆಲಸಕ್ಕೆ ಹೋದ ಹಾಗೆ. ಅಲ್ಲಿ ಹಾಡು ಅನ್ನುತ್ತಾರೆ, ಮಾತು ಹೇಳು ಅನ್ನುತ್ತಾರೆ, ಕುಣಿ ಅನ್ನುತ್ತಾರೆ. ಕೂರಲು, ಉರುಳಲು ಬರುವ ಬಟ್ಟೆ ಇರಲಿ.

ದಿನ ಆರಿಸಿಕೊಳ್ಳುವ ಅವಕಾಶ ಇದ್ದರೆ, ನಿಮಗೆ ತುಂಬಾ ಆಸೆ ಇರುವ ಶಾಲೆಯನ್ನು ಮೊದಲಿಗೆ ಇಟ್ಟುಕೊಳ್ಳಬೇಡಿ. ಮೊದಲನೆಯ ಸಲ ಕಾಲು ನಡುಗುತ್ತದೆ, ಅದು ಎಲ್ಲರಿಗೂ. ಎರಡನೆಯದಾಗಿ ಇಡಿ. ಕೊನೆಗೂ ಬೇಡ, ಅಷ್ಟೊತ್ತಿಗೆ ಗಂಟಲು ಕಟ್ಟಿರುತ್ತದೆ. ಎರಡು ಆಡಿಷನ್ ನಡುವೆ ನಾಲ್ಕು ದಿನವಾದರೂ ಬಿಡಿ.

ಆದರೆ ನಿಜ ಹೇಳಬೇಕೆಂದರೆ ಹೆಚ್ಚಿನ ಕಡೆ ಆರಿಸುವ ಮಾತೇ ಇಲ್ಲ. ಅವರು ದಿನ ಹೇಳುತ್ತಾರೆ, ನೀವು ಹೋಗಬೇಕು. ಆ ದಿನ ನಿಮ್ಮ ಪರೀಕ್ಷೆಯ ಮೇಲೆ ಬಂದು ಕೂತರೆ? ಇಲ್ಲೇ ನಮ್ಮ ಹುಡುಗರು ಸೋಲುವುದು. ಸುಮ್ನೆ ಬಿಟ್ಟುಬಿಡುತ್ತಾರೆ. ಕೇಳಿದರೆ ಬೈತಾರೇನೋ ಅನ್ನುವ ಅಂಜಿಕೆ.

ಕಳೆದ ವರ್ಷ ಮುಂಡರಗಿ ಕಡೆಯ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಸಂದರ್ಶನ ಮಂಗಳವಾರ, ಅವತ್ತೇ ಅವಳ ಇತಿಹಾಸ ಪೇಪರ್. "ಹೋಗ್ಲಿ ಬಿಡ್ರಿ ಅಕ್ಕಾ, ಮುಂದಿನ ವರ್ಷ ನೋಡೋಣಂತ" ಅಂದಳು. ನಾನು ಬಿಡಲಿಲ್ಲ. ಅಂಗಡಿಯಲ್ಲೇ ಕೂರಿಸಿ ಒಂದು ಚೀಟಿ ಬರೆಸಿದೆ. ಹೆಸರು, ಅರ್ಜಿ ನಂಬರ್, ಕೊಟ್ಟ ದಿನ, ತೊಂದರೆ ಏನು, ಬರಲು ಆಗುವ ಎರಡು ಬೇರೆ ದಿನ. ಇಷ್ಟೇ. ಬೆಳಿಗ್ಗೆ 11ರ ಸುಮಾರಿಗೆ ಫೋನ್ ಮಾಡಿಸಿದೆ. ಸಂಜೆ ಮಾಡಿದರೆ ಅಲ್ಲಿ ಎಲ್ಲರೂ ರಿಹರ್ಸಲ್‌ನಲ್ಲಿ ಇರುತ್ತಾರೆ, ಫೋನ್ ಎತ್ತುವವರು ಇರುವುದಿಲ್ಲ.

"ಸರ್, ನಮಸ್ಕಾರ್ರೀ. ನಂಗ ಮಂಗಳವಾರ ಬರಾಕ ಹೇಳೀರಿ. ಅವತ್ತ ಪರೀಕ್ಷೆ ಐತ್ರಿ. ಬುಧವಾರ ಇಲ್ಲಾ ಗುರುವಾರ ಬಂದ್ರ ನಡಿತೈತೇನ್ರಿ?"

ಆ ಕಡೆಯಿಂದ ಹಾಳೆ ತಿರುವುವ ಸದ್ದು. ನಾನು ಝೆರಾಕ್ಸ್ ಮಷಿನ್ ನಿಲ್ಲಿಸಿದ್ದೆ. "ಗುರುವಾರ ಬನ್ನಿ, ಒಂಬತ್ತೂವರೆಗೆ ಇರಬೇಕು. ಹಾಲ್ ಟಿಕೆಟ್ ವಾಟ್ಸಾಪ್ ಮಾಡಿ." ಎರಡು ನಿಮಿಷವೂ ಆಗಲಿಲ್ಲ. ಅವಳು ಫೋನ್ ಇಟ್ಟು ನನ್ನ ಮುಖ ನೋಡಿದಳು, ಇಷ್ಟೇನಾ ಅನ್ನುವ ಹಾಗೆ.

ಎಲ್ಲರೂ ಒಪ್ಪುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ದಿನ ತಿಳಿದ ಮರುದಿನವೇ ಕೇಳಿದವರಿಗೂ, ಹಿಂದಿನ ರಾತ್ರಿ ಕೇಳಿದವರಿಗೂ ಸಿಗುವ ಉತ್ತರ ಬೇರೆ. ಸುಳ್ಳು ಕಾರಣ ಬೇಡ. ಅಜ್ಜ ತೀರಿಕೊಂಡರು ಅಂತ ಹೇಳಿ, ಸಂದರ್ಶನದಲ್ಲಿ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದಾಗ ಅಜ್ಜನನ್ನೂ ಎಣಿಸಿ ಬಂದ ಮಹಾನುಭಾವನೊಬ್ಬ ನಮ್ಮ ತಂಡದಲ್ಲೇ ಇದ್ದಾನೆ. ಬೇರೆ ರಂಗಶಾಲೆಯ ಆಡಿಷನ್ ಇದ್ದರೂ ಹಾಗೇ ಹೇಳಿ, ತಪ್ಪೇನಿಲ್ಲ. ದಿನ ಬದಲಾದ ಮೇಲೆ ಹೊಸ ದಿನ, ಸಮಯ ಬರೆದು ಒಂದು ಮೆಸೇಜ್ ಕಳಿಸಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ ಅಲ್ವಾ?

ಪ್ರಯಾಣದ ಲೆಕ್ಕ ಹಾಕುವಾಗ ನನ್ನ ನಿಯಮ ಒಂದೇ, ಆಡಿಷನ್ ಊರಿನಲ್ಲಿ ಹಿಂದಿನ ದಿನ ಸಂಜೆ ಇರಬೇಕು. ಗದಗಿನಿಂದ ಮೈಸೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ರಾತ್ರಿ ಕಳೆದರೆ ಮೈಸೂರು. ಇಳಿದವರೇ ಸೀದಾ ಆಡಿಷನ್‌ಗೆ ಹೋಗೋಣ ಅಂತ ಎಲ್ಲರೂ ಯೋಚಿಸುತ್ತಾರೆ. ಬೇಡ. ರೈಲು ಒಂದು ತಾಸು ತಡವಾದರೆ ಮುಗಿಯಿತು. ತಡವಾಗದಿದ್ದರೂ ನಿದ್ದೆಗೆಟ್ಟ ಗಂಟಲಿನಿಂದ ಹಾಡು ಬರುವುದಿಲ್ಲ. ರೈಲಿನ ರಿಸರ್ವೇಶನ್ 60 ದಿನ ಮೊದಲೇ ತೆರೆಯುತ್ತದೆ, ಸಂದರ್ಶನದ ದಿನ ತಿಳಿಯುವುದು ಹತ್ತು ದಿನ ಮೊದಲು. ಅಂದರೆ ಕೊನೆಗೆ ತತ್ಕಾಲ್‌ಗೇ ಬರುತ್ತೀರಿ. ಅದು ರೈಲು ಹೊರಡುವ ಹಿಂದಿನ ದಿನ, ಸ್ಲೀಪರ್‌ಗೆ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ಆನ್‌ಲೈನ್ ಮಾಡುವುದಾದರೆ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಅದನ್ನು ಅರ್ಜಿ ಹಾಕುವ ದಿನವೇ ಮಾಡಿಸಿಕೊಳ್ಳಿ, 10 ಗಂಟೆ 50 ನಿಮಿಷಕ್ಕೆ ನನ್ನ ಅಂಗಡಿಗೆ ಓಡಿ ಬರಬೇಡಿ.

ಹೆಗ್ಗೋಡಿಗೆ ಬಸ್ಸೇ ಸರಿ. ಹಾವೇರಿ, ಹಾನಗಲ್, ಆನವಟ್ಟಿ, ಸೊರಬ ದಾಟಿ ಸಾಗರ, ಅಲ್ಲಿಂದ ಹೆಗ್ಗೋಡು ಹತ್ತಿರ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ಇರಲಿ. ಸಂದರ್ಶನ ಮಳೆಗಾಲದಲ್ಲಿ ಬಂದರೆ ಛತ್ರಿ, ಇನ್ನೊಂದು ಜೊತೆ ಬಟ್ಟೆ ಮರೆಯಬೇಡಿ. ಗದಗಿನ ಮಳೆ ಬೇರೆ, ಸಾಗರದ ಮಳೆ ಬೇರೆ. ಅಲ್ಲಿ ಒದ್ದೆಯಾದ ಅಂಗಿ ಎರಡು ದಿನ ಒಣಗುವುದಿಲ್ಲ. ಹೊರಡುವ ಹಿಂದಿನ ದಿನ ಬದನೆಕಾಯಿ ಬಜಿಯನ್ನೂ ಬಿಡಿ. ಕಷ್ಟ, ಗೊತ್ತು.

ಎನ್‌ಎಸ್‌ಡಿಗೆ ಹೋಗುವವರಿಗೆ ಇನ್ನೊಂದು ಲೆಕ್ಕ. ಅಲ್ಲಿ ಡಿಗ್ರಿಯ ಜೊತೆ ಕನಿಷ್ಠ ಆರು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಕೇಳುತ್ತಾರೆ. ನಮ್ಮ ಹುಡುಗರಿಗೆ ಆರೇನು, ಹದಿನಾರು ಇರುತ್ತವೆ. ಊರ ಜಾತ್ರೆ, ಗಣೇಶ ಹಬ್ಬ, ಕಾಲೇಜು. ಆದರೆ ಪುರಾವೆ? ಊರಿನ ನಾಟ್ಯ ಸಂಘಕ್ಕೆ ಲೆಟರ್‌ಹೆಡ್ ಎಲ್ಲಿಂದ ಬರಬೇಕು. ಹ್ಯಾಂಡ್‌ಬಿಲ್ ಮಾತ್ರ ಇದ್ದೇ ಇರುತ್ತದೆ. ಗುಲಾಬಿ ಇಲ್ಲವೇ ಹಳದಿ ಹಾಳೆ, ಮೇಲೆ ದೇವರ ಹೆಸರು, ಕೆಳಗೆ ಪಾತ್ರವರ್ಗ, ಅದರ ಕೆಳಗೆ ಹಾರ್ಮೋನಿಯಂ, ತಬಲಾದವರು, ತುದಿಯಲ್ಲಿ ಪ್ರೆಸ್ಸಿನ ಹೆಸರು. ಅದನ್ನು ಎತ್ತಿಡಿ. ನಿರ್ದೇಶಕರ ಹತ್ತಿರ ಪತ್ರ ಬರೆಸಲು ಹೋಗುವಾಗ ಅದನ್ನೇ ಮುಂದಿಟ್ಟರೆ ಅವರಿಗೂ ವರ್ಷ, ಪಾತ್ರ ನೆನಪಾಗುತ್ತದೆ. ಪತ್ರದ ಕೆಲಸ ದೀಪಾವಳಿ ಆದ ಮೇಲೆ ಮುಗಿಸಿಕೊಳ್ಳಿ. ಜಾತ್ರೆ ಹಂಗಾಮು ಶುರುವಾದರೆ ನಮ್ಮ ಕಡೆಯ ನಿರ್ದೇಶಕರು ಇವತ್ತು ಶಿರಹಟ್ಟಿ, ನಾಳೆ ರೋಣ. ಕೈಗೆ ಸಿಗುವುದಿಲ್ಲ.

ಟಿಸಿ ಬಗ್ಗೆ ಎಚ್ಚರ. ಮೂಲ ಟಿಸಿ ಒಂದೇ ಇರುತ್ತದೆ. ಸುರಕ್ಷಿತವಾಗಿರಲಿ ಅಂತ ಡಿಗ್ರಿಗೋ ಎಂ.ಎ.ಗೋ ಸೇರಿ ಅದನ್ನು ಕೊಟ್ಟುಬಿಟ್ಟರೆ, ರಂಗಶಾಲೆಯಲ್ಲಿ ಸೀಟು ಸಿಕ್ಕಾಗ ವಾಪಸ್ ಪಡೆಯಲು ಅಲೆಯಬೇಕು. ರಂಗಶಾಲೆಯ ಫಲಿತಾಂಶ ಯಾವಾಗ, ಕಾಲೇಜಿನ ಫೀ ಕಟ್ಟಲು ಕೊನೆಯ ದಿನ ಯಾವಾಗ, ಎರಡನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ನಡುವೆ ಅಂತರ ಇಲ್ಲದಿದ್ದರೆ ಕಾಲೇಜಿನ ಕಚೇರಿಗೆ ಹೋಗಿ ಮೊದಲೇ ಮಾತಾಡಿ. ಮತ್ತೆ ಅದೇ ಚೀಟಿ, ಅದೇ ಹನ್ನೊಂದು ಗಂಟೆ.

ನೆರಳು ಪ್ರತಿ ಎರಡು ಸೆಟ್ ಮಾಡಿಸಿ, ಒಂದು ಮನೆಯಲ್ಲಿರಲಿ. ಫೋಟೋ ಎಂಟು. ನಾಟಕದ ಕೋರ್ಸಿಗೆ ಅಂತ ಹೇಳಿದರೆ ನಾನು ಝೆರಾಕ್ಸ್ ದುಡ್ಡು ಅರ್ಧ ತೆಗೆದುಕೊಳ್ಳುತ್ತೇನೆ. ಅಂಗಡಿ ಖಾಲಿಯಾಗುವ ತನಕ ಕಾಯುವುದು ಬೇಡ, ಸಾಲಿನಲ್ಲೇ ನಿಂತು ಜೋರಾಗಿ ಹೇಳಿ.